ಊರಿನ ಸೈಬರ್ ಸೆಕ್ಯುರಿಟಿ ಕೂಟ: ಶಿವಮೊಗ್ಗದಲ್ಲಿ ನಡೆಸಿ ತಿಳಿದದ್ದು

ಬೆಂಗಳೂರಿನ ಸೆಕ್ಯುರಿಟಿ ಮೀಟಪ್‌ಗಳಿಗೆ ಬರುವವರಲ್ಲಿ ಹೆಚ್ಚಿನವರು ಅದೇ ಕೆಲಸದವರು. ಶಿವಮೊಗ್ಗದಲ್ಲಿ ಅಂಥವರಿಗಾಗಿ ಕಾದು ಕೂತರೆ ಕುರ್ಚಿ ತುಂಬುವುದಿಲ್ಲ. ಇಲ್ಲಿ ಈ ವಿದ್ಯೆ ಬೇಕಿರುವುದು ಸಹಕಾರ ಸಂಘದ ಕಂಪ್ಯೂಟರ್ ಆಪರೇಟರ್‌ಗೆ, ನರ್ಸಿಂಗ್ ಹೋಮಿನ ಬಿಲ್ಲಿಂಗ್ ನೋಡಿಕೊಳ್ಳುವವರಿಗೆ, ಅಡಿಕೆ ಮಂಡಿಯ ಟ್ಯಾಲಿ ಕಂಪ್ಯೂಟರನ್ನು ದೂರದಿಂದಲೇ ನಡೆಸಲು ರಿಮೋಟ್ ಹಾಕಿಕೊಟ್ಟವರಿಗೆ, ಸಿಸಿಟಿವಿ ಕೂರಿಸುವ ಹುಡುಗರಿಗೆ, ಜೊತೆಗೆ ಇಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ. ಇವರನ್ನೆಲ್ಲ ಒಂದು ಕೋಣೆಗೆ ತಂದು ಮುಂದಿನ ತಿಂಗಳೂ ಬರುವಂತೆ ಮಾಡಬೇಕು. ಹೊರಗಿನಿಂದ ದೊಡ್ಡ ಹೆಸರಿನವರನ್ನು ಕರೆಸಿದರೆ ಆ ತಿಂಗಳು ಹಾಲ್ ತುಂಬುತ್ತದೆ, ಮರುತಿಂಗಳು ಬಣಬಣ.

ದಿನ ಎರಡನೇ ಶನಿವಾರ. 2015ರ ಸೆಪ್ಟೆಂಬರಿನಿಂದ ಬ್ಯಾಂಕುಗಳಿಗೆ ಎರಡನೇ ಮತ್ತು ನಾಲ್ಕನೇ ಶನಿವಾರ ರಜೆ, ರಾಜ್ಯ ಸರ್ಕಾರಿ ಕಚೇರಿಗಳೂ ಎರಡನೇ ಶನಿವಾರ ಮುಚ್ಚಿರುತ್ತವೆ. ಹೊತ್ತು ಬೆಳಿಗ್ಗೆ 10:30ರಿಂದ 1ರವರೆಗೆ. ಸಾಗರ, ತೀರ್ಥಹಳ್ಳಿ, ಹೊಸನಗರದವರು ಬೆಳಗಿನ ಬಸ್ಸಿಗೆ ಬಂದು ಕತ್ತಲಾಗುವ ಮೊದಲು ಮನೆ ಸೇರಬಹುದು. ಅಡಿಕೆ ಕೊಯ್ಲಿನಲ್ಲಿ ತೋಟದ ಮನೆಯವರು ಬರುವುದಿಲ್ಲ, ಸೆಮಿಸ್ಟರ್ ಪರೀಕ್ಷೆಯಲ್ಲಿ ಹುಡುಗರು ಬರುವುದಿಲ್ಲ. ಆದರೂ ದಿನ ಮುಂದೂಡಬಾರದು. ಐದೇ ಜನ ಬಂದರೂ ನಡೆಸಬೇಕು, ಸಣ್ಣ ವಿಷಯ ಇಟ್ಟುಕೊಂಡರಾಯಿತು. ಒಮ್ಮೆ ಮುಂದೂಡಿದರೆ ಮುಂದಿನ ಸಲದಿಂದ ಜನ "ಈ ಸಲ ಇದೆಯಾ?" ಎಂದು ಕೇಳಲು ಶುರುಮಾಡುತ್ತಾರೆ, ಹಾಗೆ ಕೇಳುವವರಲ್ಲಿ ಅರ್ಧ ಜನ ಬರುವುದಿಲ್ಲ.

ಜಾಗಕ್ಕೆ ಕಾಲೇಜಿನ ಲ್ಯಾಬೇ ಸರಿ. ಪ್ರಿನ್ಸಿಪಾಲರಿಗೆ ಕೊಡುವ ಪತ್ರದಲ್ಲಿ "ಕಾಲೇಜಿನ ನೆಟ್‌ವರ್ಕಿಗೆ ಯಾವ ಸಾಧನವನ್ನೂ ಜೋಡಿಸುವುದಿಲ್ಲ, ನಮ್ಮದೇ ರೂಟರ್ ತರುತ್ತೇವೆ" ಎಂಬ ಸಾಲು ಇರಲೇಬೇಕು. ಅದಿಲ್ಲದಿದ್ದರೆ ಅಲ್ಲಿನ ಸಿಸ್ಟಂ ಅಡ್ಮಿನ್ ಬೇಡ ಎನ್ನುತ್ತಾರೆ, ಹಾಗೆನ್ನುವುದೇ ನ್ಯಾಯ.

ಲ್ಯಾಬ್, ಅಂದರೆ ಕೈಯಾರೆ ಮಾಡುವ ಅಭ್ಯಾಸ, ಇಂಟರ್ನೆಟ್ ಇಲ್ಲದೆಯೇ ನಡೆಯಬೇಕು. ಮಳೆಗಾಲದಲ್ಲಿ ಫೈಬರ್ ಯಾವಾಗ ಕಡಿದೀತು ಹೇಳಲಾಗದು. ವೆಬ್ ಸುರಕ್ಷತೆಯ ಸಂಸ್ಥೆ ಓವಾಸ್ಪ್‌ನವರ ಜ್ಯೂಸ್ ಶಾಪ್ ಬೇಕೆಂದೇ ತೂತುಗಳನ್ನಿಟ್ಟು ಮಾಡಿದ ಅಂಗಡಿ ವೆಬ್‌ಸೈಟು, ಕಲಿಸಲು ಉಚಿತ. ಒಂದು ಹಳೆಯ ಲ್ಯಾಪ್‌ಟಾಪಿಗೆ ಲಿನಕ್ಸ್, ಜೊತೆಗೆ ತಂತ್ರಾಂಶವನ್ನು ಬೇರೆ ಬೇರೆ ಡಬ್ಬಿಗಳಲ್ಲಿ (ಕಂಟೇನರ್) ಓಡಿಸುವ ಡಾಕರ್ ಹಾಕಿ, ಜ್ಯೂಸ್ ಶಾಪಿನ ಇಮೇಜನ್ನು (ಕಂಟೇನರಿನ ಅಚ್ಚು) ಹಿಂದಿನ ದಿನವೇ ಇಳಿಸಿಡಿ, ಪೆನ್‌ಡ್ರೈವಿನಲ್ಲೂ ಒಂದು ಪ್ರತಿ ಇರಲಿ. ಹೊಸಬರು ಎಡವುವುದು ಮುಂದಿನ ಹೆಜ್ಜೆಯಲ್ಲಿ: ಒಂದೇ ಕಂಟೇನರ್ ಎಬ್ಬಿಸಿ ಎಲ್ಲರನ್ನೂ ಅದಕ್ಕೇ ಬಿಡುತ್ತಾರೆ. ಜ್ಯೂಸ್ ಶಾಪಿನ ಸ್ಕೋರ್ ಬೋರ್ಡು ಇಡೀ ಕಂಟೇನರಿಗೆ ಒಂದೇ. ಮುಂದಿನ ಬೆಂಚಿನವನು ಬಿಡಿಸಿದ ಒಗಟು ಹಿಂದಿನ ಬೆಂಚಿನವಳ ಪರದೆಯಲ್ಲೂ ಹಸಿರಾಗಿ ಕಾಣುತ್ತದೆ, ಅವಳ ಆಸಕ್ತಿ ಅಲ್ಲಿಗೆ ಮುಗಿಯಿತು. ಇಬ್ಬರಿಗೊಂದು ಕಂಟೇನರ್ ಕೊಡಿ. ಒಳಗಿನ 3000 ಪೋರ್ಟನ್ನು (ನೆಟ್‌ವರ್ಕಿನ ಬಾಗಿಲ ಸಂಖ್ಯೆ) ಹೊರಗೆ 3001, 3002 ಎಂದು ಬೇರೆ ಬೇರೆ ಮಾಡಿ, ಒಂದೊಂದಕ್ಕೂ 512 ಎಂಬಿ ಮೆಮೊರಿ ಮಿತಿ ಹಾಕಿದರೆ 8 ಜಿಬಿ ಲ್ಯಾಪ್‌ಟಾಪಿನಲ್ಲಿ 10 ಜೋಡಿ ಆರಾಮಾಗಿ ಕೂರುತ್ತವೆ. ಮನೆಬಳಕೆಯ ವೈಫೈ ರೂಟರಿಗೂ ಅಷ್ಟೇ ಮಂದಿ ಸಾಕು.

"ಪೇಜ್ ಓಪನ್ ಆಗ್ತಿಲ್ಲ ಸರ್" ಎಂಬ ದೂರಿಗೆ ಹೆಚ್ಚಾಗಿ ನಾಲ್ಕೇ ಕಾರಣ. ಫೋನಿನಲ್ಲಿ ನೋಡುವವರಿಗೆ ಮೊಬೈಲ್ ಡೇಟಾ ಆನ್ ಇರುತ್ತದೆ. ವೈಫೈನಲ್ಲಿ ಇಂಟರ್ನೆಟ್ ಇಲ್ಲವೆಂದು ಕಂಡ ಕೂಡಲೇ ಫೋನು ತಾನಾಗಿ ಡೇಟಾಕ್ಕೆ ಜಿಗಿಯುತ್ತದೆ. ಬ್ರೌಸರು ಎಚ್‌ಟಿಟಿಪಿ ವಿಳಾಸವನ್ನು ಬಲವಂತವಾಗಿ ಅದರ ಸುರಕ್ಷಿತ ರೂಪವಾದ ಎಚ್‌ಟಿಟಿಪಿಎಸ್ ಮಾಡಿರುತ್ತದೆ. ರೂಟರಿನಲ್ಲಿ ಎಪಿ ಐಸೊಲೇಶನ್ ಆನ್ ಇರುತ್ತದೆ, ಒಂದು ಸಾಧನಕ್ಕೆ ಇನ್ನೊಂದು ಕಾಣುವುದೇ ಇಲ್ಲ. ಇಲ್ಲವೇ ಲ್ಯಾಪ್‌ಟಾಪಿನ ಫೈರ್‌ವಾಲ್ ಪೋರ್ಟನ್ನು ತಡೆದಿರುತ್ತದೆ. ರೂಟರಿಗೆ 12 ವೋಲ್ಟಿನ ಪುಟ್ಟ ಯುಪಿಎಸ್ ಇಟ್ಟರೆ ಕರೆಂಟ್ ಹೋದರೂ ಲ್ಯಾಬ್ ನಿಲ್ಲುವುದಿಲ್ಲ.

ಮೊದಲ ಪಾಠಕ್ಕೆ ಸ್ಲೈಡೇ ಬೇಡ. ಲಾಗಿನ್ ಪುಟದ ಇಮೇಲ್ ಜಾಗದಲ್ಲಿ ಒಂದು ಒಂಟಿ ಕೊಟೇಶನ್ ಗುರುತು ಹಾಕಿ, ಪಾಸ್‌ವರ್ಡ್ ಏನಾದರೂ ಕೊಟ್ಟು ಲಾಗಿನ್ ಒತ್ತಲು ಹೇಳಿ. ಪುಟದಲ್ಲಿ ಅರ್ಥವಾಗದ ದೋಷ ಕಾಣುತ್ತದೆ. ಆದರೆ ಬ್ರೌಸರಿನ ಡೆವಲಪರ್ ಟೂಲ್ಸ್‌ನ ನೆಟ್‌ವರ್ಕ್ ಟ್ಯಾಬಿನಲ್ಲಿ ಸರ್ವರ್ ಕೊಟ್ಟ ಉತ್ತರ ತೆರೆದರೆ ಡೇಟಾಬೇಸನ್ನು ಕೇಳುವ ಇಡೀ ಎಸ್‌ಕ್ಯೂಎಲ್ ವಾಕ್ಯವೇ ಬಿದ್ದಿರುತ್ತದೆ. ತಾವು ಹಾಕಿದ ಚುಕ್ಕೆಯಂಥ ಗುರುತು ಆ ವಾಕ್ಯವನ್ನು ಎಲ್ಲಿ ಮುರಿದಿದೆ ಎಂದು ಅವರೇ ಬೆರಳಿಟ್ಟು ತೋರಿಸಲಿ. ಮಾತು ಕನ್ನಡದಲ್ಲಿರಲಿ, ಪಾರಿಭಾಷಿಕ ಪದಗಳು ಇದ್ದಂತೆಯೇ ಇರಲಿ. ಹೀಗೆ ವಾಕ್ಯದೊಳಗೆ ನುಸುಳಿಸುವ 'ಇಂಜೆಕ್ಷನ್' ಎನ್ನುವುದಕ್ಕೆ ಸಂಸ್ಕೃತ ಹುಡುಕುವ ಚಪಲ ಬೇಡ.

ಸಿಸಿಟಿವಿಯವರಿಗೆ ವೆಬ್‌ಸೈಟು ಬೇಕಿಲ್ಲ, ಅವರ ಮುಂದೆ ಕ್ಯಾಮೆರಾ ದೃಶ್ಯ ದಾಖಲಿಸುವ ಒಂದು ಡಿವಿಆರ್ ಇಡಿ. 2016ರಲ್ಲಿ ಮಿರಾಯ್ ಎಂಬ ಬಾಟ್‌ನೆಟ್ (ವಶವಾದ ಸಾಧನಗಳ ಜಾಲ) ಸುಮಾರು 60 ಜೊತೆ ಡೀಫಾಲ್ಟ್ ಯೂಸರ್‌ನೇಮ್, ಪಾಸ್‌ವರ್ಡ್ ಇಟ್ಟುಕೊಂಡೇ ಲಕ್ಷಗಟ್ಟಲೆ ಕ್ಯಾಮೆರಾ, ಡಿವಿಆರ್, ರೂಟರ್‌ಗಳನ್ನು ವಶಮಾಡಿಕೊಂಡಿತು. ಪಾಸ್‌ವರ್ಡ್ ಬದಲಿಸುವುದು, ಹೊರಗಿನ ಬಾಗಿಲನ್ನು ತಾನಾಗಿ ತೆರೆಯುವ ರೂಟರಿನ ಯುಪಿಎನ್‌ಪಿ ಆಫ್ ಮಾಡುವುದು, ಹೊರಗಿನಿಂದ ಒಳಬರಲು ಬಿಡುವ ಪೋರ್ಟ್ ಫಾರ್ವರ್ಡ್ ಪಟ್ಟಿಯಲ್ಲಿ ಹಳೆಯ ನಮೂದು ಅಳಿಸುವುದು, ಇವನ್ನು ಅವರ ಕೈಯಲ್ಲೇ ಮಾಡಿಸಿ. ಕೊನೆಗೆ ಗಡಿಯಾರ ನೋಡಿಸಿ. ಬೋರ್ಡಿನ ಬ್ಯಾಟರಿ ಸತ್ತಿದ್ದರೆ ಪ್ರತಿ ಸಲ ಕರೆಂಟ್ ಹೋಗಿ ಬಂದಾಗಲೂ ತಾರೀಕು ಹಿಂದಕ್ಕೆ ಹೋಗುತ್ತದೆ, ಕಳ್ಳತನವಾದಾಗ ದೃಶ್ಯ ಸಿಕ್ಕಿದರೂ ಸಮಯ ಹೊಂದುವುದಿಲ್ಲ. ಬ್ಯಾಟರಿಯ ಈ ಮಾತಿಗೇ ಮುಂದಿನ ತಿಂಗಳು ಅವರು ಇನ್ನಿಬ್ಬರನ್ನು ಕರೆತರುತ್ತಾರೆ, ಏಕೆಂದರೆ ಗಿರಾಕಿ ಬೈಯುವುದು ಅದಕ್ಕೇ.

ಲ್ಯಾಬ್ ರುಚಿ ಹತ್ತಿದ ಹುಡುಗರು ಮೊದಲು ಕೈ ಹಾಕುವುದು ತಮ್ಮ ಕಾಲೇಜಿನ ವೆಬ್‌ಸೈಟಿಗೆ. ಹಾಗಾಗಿ ಕಾನೂನನ್ನು ಮೊದಲ ದಿನವೇ ಹೇಳಬೇಕು. ಮಾಹಿತಿ ತಂತ್ರಜ್ಞಾನ ಕಾಯ್ದೆ 2000ರ ಸೆಕ್ಷನ್ 43 ಅನುಮತಿಯಿಲ್ಲದ ಪ್ರವೇಶವನ್ನೇ ತಪ್ಪೆನ್ನುತ್ತದೆ. ಅದನ್ನು ಅಪ್ರಾಮಾಣಿಕ ಅಥವಾ ವಂಚನೆಯ ಉದ್ದೇಶದಿಂದ ಮಾಡಿದರೆ ಸೆಕ್ಷನ್ 66ರಡಿ 3 ವರ್ಷದವರೆಗೆ ಸೆರೆ, 5 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. "ಒಳ್ಳೆಯದಕ್ಕೇ ನೋಡಿದೆ" ಎಂಬ ಮಾತು ಅನುಮತಿ ಪತ್ರವಾಗುವುದಿಲ್ಲ. ಪತ್ರದಲ್ಲಿ ಯಾವ ವಿಳಾಸ, ಯಾವ ದಿನ, ಯಾವ ಪರೀಕ್ಷೆ, ಯಾರ ಸಹಿ ಎಂಬುದು ಇರಬೇಕು. ಹುಡುಕದೆಯೇ ಕಣ್ಣಿಗೆ ಬಿದ್ದ ದೋಷವಾದರೆ ಒಂದು ಸ್ಕ್ರೀನ್‌ಶಾಟಿಗೆ ನಿಲ್ಲಿಸಿ, ಬೇರೆಯವರ ದಾಖಲೆ ಇಳಿಸಿಕೊಳ್ಳದೆ ಮಾಲೀಕರಿಗೆ ಬರೆಯಬೇಕು. ಉತ್ತರ ಬಾರದಿದ್ದರೆ ಕೇಂದ್ರ ಸರ್ಕಾರದ ಸೈಬರ್ ಘಟನೆಗಳ ಸಂಸ್ಥೆ ಸರ್ಟ್-ಇನ್‌ಗೆ. ವಾಟ್ಸಾಪ್ ಗುಂಪಿಗೆ ಮಾತ್ರ ಖಂಡಿತ ಅಲ್ಲ.

ನಿಜವಾದ ಕಲಿಕೆ ಕೊನೆಯ ಅರ್ಧ ಗಂಟೆಯದು. ಆಗ ಫೋನುಗಳು ಚೀಲದೊಳಗೆ, ರೆಕಾರ್ಡಿಂಗ್ ಇಲ್ಲ. ತಮ್ಮ ಕಚೇರಿಯಲ್ಲಿ ಏನಾಯಿತೆಂದು ಹೇಳುವವರು, ಆ ಮಾತು ಎಲ್ಲಿಯವರೆಗೆ ಹೋಗಬಹುದು ಎಂಬುದರ ಬಣ್ಣವನ್ನು ಮೊದಲೇ ಹೇಳುತ್ತಾರೆ. ಇದು ಟ್ರಾಫಿಕ್ ಲೈಟ್ ಪ್ರೋಟೊಕಾಲ್, 2022ರಲ್ಲಿ ಇದರ 2.0 ಆವೃತ್ತಿ ಬಂದಿದೆ. ಕೆಂಪು ಎಂದರೆ ಈ ಕೋಣೆ ದಾಟಬಾರದು, ಅಂಬರ್ ಎಂದರೆ ತಿಳಿಯಬೇಕಾದವರಿಗಷ್ಟೇ, ನಿಮ್ಮ ಸಂಸ್ಥೆ ಮತ್ತು ಅದರ ಗ್ರಾಹಕರೊಳಗೆ, ಹಸಿರು ಎಂದರೆ ನಮ್ಮಂಥ ವೃತ್ತಿಯವರ ನಡುವೆ, ಕ್ಲಿಯರ್ ಎಂದರೆ ಯಾರಿಗಾದರೂ. ಸಂಘದ ಆಪರೇಟರ್ ಬ್ಯಾಕಪ್ ಡ್ರೈವನ್ನು ಸದಾ ಸಿಕ್ಕಿಸಿಟ್ಟಿದ್ದರಿಂದ ಕಡತಗಳಿಗೆ ಬೀಗ ಹಾಕಿ ಹಣ ಕೇಳುವ ರಾನ್ಸಮ್‌ವೇರ್ ಅದನ್ನೂ ತಿಂದಿತು ಎಂದು ಹೇಳಬೇಕಾದರೆ ಈ ಬೇಲಿ ಬೇಕು. ಸರ್ಟ್-ಇನ್‌ನ 2022ರ ಏಪ್ರಿಲ್ 28ರ ನಿರ್ದೇಶನವನ್ನು ಇಲ್ಲೇ ನೆನಪಿಸಿ: ಗೊತ್ತಾದ 6 ಗಂಟೆಯೊಳಗೆ ವರದಿ, 180 ದಿನದ ಲಾಗ್ (ಸಿಸ್ಟಂ ದಾಖಲೆ) ಉಳಿಸಿಡಬೇಕು. ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನು, ಜೊತೆಗೆ ಜಿಲ್ಲೆಯ ಸೈಬರ್ ಅಪರಾಧ ಠಾಣೆ (ಸಿಇಎನ್).

ಓವಾಸ್ಪ್ ಶಾಖೆ, ನಲ್ ಶಾಖೆ, ಡೆಫ್ ಕಾನ್ ಗುಂಪು ಎಂಬ ದೊಡ್ಡ ಸೆಕ್ಯುರಿಟಿ ಸಮುದಾಯಗಳ ಹೆಸರುಗಳನ್ನು ಕೂಟ ಒಂದು ವರ್ಷ ಉಸಿರಾಡಿದ ಮೇಲೆ ಯೋಚಿಸಿ. ಕಾಫಿಗೆ ತಲೆಗೆ 20 ರೂಪಾಯಿ ನಗದು, ಉಳಿದದ್ದು ಮುಂದಿನ ತಿಂಗಳಿಗೆ. "ಮೂರು ತಿಂಗಳಲ್ಲಿ ಎಥಿಕಲ್ ಹ್ಯಾಕರ್" ಮಾರುವವರು ಕೇಳಲು ಬರಲಿ, ಮೈಕ್ ಕೊಡಬೇಡಿ.

ಕೂಟ ಸಾಯುವುದು ಜಗಳದಿಂದಲ್ಲ, ಪಾಸೌಟ್‌ನಿಂದ. ಅಂತಿಮ ವರ್ಷದವರ ಕೈಗೆ ಕೀಲಿ ಕೊಟ್ಟರೆ ಜುಲೈಗೆ ಅವರು ಬೆಂಗಳೂರಲ್ಲಿರುತ್ತಾರೆ. ಜವಾಬ್ದಾರಿಯನ್ನು ನಾಲ್ಕನೇ ಸೆಮಿಸ್ಟರಿನವರಿಗೆ ಕೊಡಿ, ಜೊತೆಗೆ ಊರಲ್ಲೇ ಕೆಲಸದಲ್ಲಿರುವ ಒಬ್ಬರನ್ನು ಜೋಡಿಸಿ. ಗುಂಪಿನ ಅಡ್ಮಿನ್, ಇಮೇಲ್ ಖಾತೆ, ರೂಟರ್ ಪಾಸ್‌ವರ್ಡ್ ಎಲ್ಲವೂ ಇಬ್ಬರ ಬಳಿ ಇರಬೇಕು. ಬೆಂಗಳೂರು ಸೇರಿದವರಿಂದ ಭಾಷಣ ಕೇಳಬೇಡಿ. ದಸರಾ, ದೀಪಾವಳಿಗೆ ಊರಿಗೆ ಬಂದಾಗ ತಲಾ ಮೂವರು ಜೂನಿಯರ್‌ಗಳ ರೆಸ್ಯೂಮ್ ಓದಿ, ಅರ್ಧ ಗಂಟೆ ಅಣಕು ಸಂದರ್ಶನ ಮಾಡಲಿ. ರೆಸ್ಯೂಮಿನಲ್ಲಿ ಪ್ರಮಾಣಪತ್ರಗಳ ಪಟ್ಟಿಗಿಂತ, ತಾವೇ ಬಿಡಿಸಿದ ಎರಡು ಲ್ಯಾಬ್‌ಗಳ ಬರಹ ಇದೆಯೇ ಎಂದು ಮೊದಲು ನೋಡಲು ಅವರಿಗೆ ಹೇಳಿಟ್ಟಿರಿ.