ಥ್ಯಾಂಕ್ಸ್‌ಗಿವಿಂಗ್‌ಗೆ ಕಂಟ್ರಿ ಇನ್‌ಗೆ ಹೊರಟಿದೀರಾ? ವೆಜ್ ಊಟ ಮೊದಲೇ ಪಕ್ಕಾ ಮಾಡ್ಕೊಳಿ

ಅಮೆರಿಕದ ವರ್ಮಾಂಟ್, ನ್ಯೂ ಹ್ಯಾಂಪ್‌ಶೈರ್ ಕಡೆ ಹಳೇ ಫಾರ್ಮ್‌ಹೌಸ್‌ಗಳನ್ನ ರಿಪೇರಿ ಮಾಡಿ ನಡೆಸೋ ದುಬಾರಿ ಕಂಟ್ರಿ ಇನ್‌ಗಳು ಇದಾವಲ್ಲ, ಉರಿಯೋ ಫೈರ್‌ಪ್ಲೇಸು, ಕಿರ್ ಅನ್ನೋ ಮರದ ನೆಲ, ಎಲ್ಲಾ ಚೆನ್ನಾಗಿರತ್ತೆ, ಊಟಕ್ಕೆ ಕೂತಾಗ್ಲೇ ಸಸ್ಯಾಹಾರಿಗಳ ಮುಖ ಬಾಡೋದು. ನಾವು ಮೊದಲ್ನೇ ಸಲ ಥ್ಯಾಂಕ್ಸ್‌ಗಿವಿಂಗ್‌ಗೆ, ಅಂದ್ರೆ ಟರ್ಕಿ ಕೋಳಿ ಊಟದ ಅಮೆರಿಕನ್ ಹಬ್ಬಕ್ಕೆ, ಬುಕ್ ಮಾಡೋವಾಗ "ವೆಜಿಟೇರಿಯನ್ ಇದ್ಯಾ" ಅಂತ ಕೇಳಿದ್ವಿ, "ಶೂರ್, ನೋ ಪ್ರಾಬ್ಲಮ್" ಅಂದ್ರು, ಹೋಗಿ ಕೂತ್ರೆ ತಟ್ಟೇಲಿ ಬಂದಿದ್ದು ಮ್ಯಾಶ್ ಮಾಡಿದ ಆಲೂಗಡ್ಡೆ, ಬೆಂದ ಕ್ಯಾರೆಟ್, ಒಂದು ಚಮಚ ಕ್ರ್ಯಾನ್‌ಬೆರಿ ಸಾಸ್, ಒಂದಿಷ್ಟು ಬ್ರಸಲ್ಸ್ ಸ್ಪ್ರೌಟ್ಸ್, ಪುಟಾಣಿ ಎಲೆಕೋಸಿನ ಥರದ್ದು. ಸ್ಪ್ರೌಟ್ಸ್ ಎಲೆ ಮಧ್ಯ ಕೆಂಪಗೆ ಪುಡಿಪುಡಿಯಾಗಿ ಏನೋ ಅಂಟ್ಕೊಂಡಿತ್ತು, ನನ್ನ ಹೆಂಡ್ತಿ ಫೋರ್ಕ್ ತುದೀಲಿ ಎತ್ತಿ ಕ್ಯಾಂಡಲ್ ಬೆಳಕಿಗೆ ಹಿಡಿದು ನೋಡಿದ್ಲು, ಬೇಕನ್, ಹಂದಿ ಮಾಂಸ. ಟರ್ಕಿ ತಿಂದೋರಿಗೂ ನಮಗೂ ಒಂದೇ ಬಿಲ್ಲು, ಅದು ಬೇರೆ.

ಆಮೇಲೆ ಗೊತ್ತಾಯ್ತು, ನಾವು ಕೇಳಿದ ಪ್ರಶ್ನೆನೇ ಸರಿ ಇರ್ಲಿಲ್ಲ ಅಂತ. "ವೆಜ್ ಇದ್ಯಾ" ಅಂದ್ರೆ ಎಲ್ರೂ ಇದೆ ಅಂತಾರೆ. "ಆ ದಿನ ವೆಜಿಟೇರಿಯನ್ ಗೆಸ್ಟ್‌ಗೆ ಮೇನ್ ಕೋರ್ಸ್ ಏನು ಕೊಡ್ತೀರಾ, ಹೆಸರು ಹೇಳಿ" ಅಂತ ಕೇಳ್ಬೇಕು. ಅಣಬೇನ ಪೇಸ್ಟ್ರಿ ಹಿಟ್ಟಲ್ಲಿ ಸುತ್ತಿ ಬೇಯಿಸೋ ಮಶ್ರೂಮ್ ವೆಲ್ಲಿಂಗ್‌ಟನ್ನು, ವೈಲ್ಡ್ ರೈಸು ಚೆಸ್ಟ್‌ನಟ್ಟು ತುಂಬಿ ಬೇಯಿಸಿದ ಏಕಾರ್ನ್ ಸ್ಕ್ವಾಶು ಅನ್ನೋ ಪುಟ್ಟ ಕುಂಬಳಕಾಯಿ ಅಂತ ತಡವರಿಸದೆ ಹೇಳಿದ್ರೆ ಅಡಿಗೆಮನೇಲಿ ಯಾರೋ ನಿಜವಾಗ್ಲೂ ಯೋಚನೆ ಮಾಡಿದಾರೆ ಅಂತ ಅರ್ಥ. "ನಮ್ಮಲ್ಲಿ ತುಂಬಾ ಸೈಡ್ಸ್ (ಪಕ್ಕಕ್ಕೆ ಬಡಿಸೋ ಪದಾರ್ಥ) ಇರತ್ತೆ" ಅಂದ್ರೋ, ಫೋನ್ ಇಟ್ಟು ಬೇರೆ ಇನ್ ಹುಡುಕಿ.

ಹುಡುಕೋವಾಗ ಹಬ್ಬದ ಮೆನು ಒಂದನ್ನೇ ನೋಡ್ಬೇಡಿ, ಅದರಲ್ಲಿ ಎಲ್ರೂ ಟರ್ಕಿನೇ ಹಾಕಿರ್ತಾರೆ. ಮಾಮೂಲಿ ದಿನದ ಡಿನ್ನರ್ ಮೆನು ನೋಡಿ, ಪಾಸ್ತಾ ಬಿಟ್ಟು ಇನ್ನೊಂದಾದ್ರೂ ವೆಜ್ ಮೇನ್ ಇದ್ಯಾ ಅಂತ. ಅವರದ್ದೇ ತರಕಾರಿ ತೋಟ ಇದ್ರೆ ಇನ್ನೂ ಒಳ್ಳೇದು. ವರ್ಜೀನಿಯಾದಲ್ಲಿ ದಿ ಇನ್ ಅಟ್ ಲಿಟಲ್ ವಾಷಿಂಗ್ಟನ್ ಅಂತಿದೆ, 1978ರಲ್ಲಿ ಒಂದು ಹಳೇ ಗ್ಯಾರೇಜಲ್ಲಿ ಶುರುವಾಗಿದ್ದು, ದಿ ಗುಡ್ ಅರ್ಥ್ ಅಂತ ಪೂರ್ತಿ ವೆಜ್ ಮೆನುನೇ ಮಾಡಿ ಹೆಸರು ಮಾಡಿದಾರೆ, ರೇಟ್ ನೋಡಿದ್ರೆ ಎದೆ ಧಸಕ್ ಅನ್ನತ್ತೆ ಆದ್ರೂ ಮನಸ್ಸಿದ್ರೆ ಏನು ಮಾಡ್ಬಹುದು ಅನ್ನೋಕೆ ಹೇಳಿದೆ ಅಷ್ಟೆ.

ಫೋನ್ ಯಾವಾಗ ಮಾಡ್ಬೇಕು ಅನ್ನೋದೂ ಮುಖ್ಯ. ಥ್ಯಾಂಕ್ಸ್‌ಗಿವಿಂಗ್ ಬರೋದು ನವೆಂಬರ್ ನಾಲ್ಕನೇ ಗುರುವಾರ, ಆವತ್ತಿನ ಊಟ ಸಾಮಾನ್ಯವಾಗಿ ಪ್ರೀ ಫಿಕ್ಸ್, ಅಂದ್ರೆ ತಲೆಗೆ ಇಷ್ಟು ಅಂತ ರೇಟು, ಮೆನು ಮೊದಲೇ ನಿಗದಿ, ಹಂಗಾಗಿ ಅವತ್ತು ಹೋಗಿ ಕೇಳಿದ್ರೆ ಶೆಫ್ ಪಾಪ ಏನು ಮಾಡ್ತಾನೆ. ಎರಡು ಮೂರು ವಾರ ಮುಂಚೆ ಮಾತಾಡಿ, ವಾರದ ದಿನ ಮಧ್ಯಾಹ್ನ ಎರಡೂವರೆಯಿಂದ ನಾಲ್ಕರ ಒಳಗೆ, ಲಂಚ್ ಮುಗಿದು ಡಿನ್ನರ್ ಗಲಾಟೆ ಶುರುವಾಗಿರಲ್ಲ. ಫ್ರಂಟ್ ಡೆಸ್ಕಿನೋರು ಬರ್ಕೋತೀವಿ ಅಂತಾರೆ, ಬರ್ಕೊಳ್ಳಲಿ, ಆದ್ರೂ ಅಡಿಗೆಮನೆಗೆ ಕನೆಕ್ಟ್ ಮಾಡಿ ಅಂತ ಕೇಳಿ, ಆಮೇಲೆ ಮಾತಾಡಿದ್ದನ್ನೆಲ್ಲ ಒಂದು ಇಮೇಲ್ ಹಾಕಿಡಿ. ಎರಡು ದಿನ ಮುಂಚೆ ಇನ್ನೊಂದು ಫೋನು, ಟೇಬಲ್‌ಗೆ ಕೂತ್ಮೇಲೆ ಸರ್ವರ್‌ಗೆ ಇನ್ನೊಂದ್ಸಲ. ಜಾಸ್ತಿ ಆಯ್ತು ಅನ್ಸತ್ತೆ, ಆದ್ರೆ ಚಿಕ್ಕ ಊರುಗಳಲ್ಲಿ ಆವತ್ತು ಬೇರೆ ಅಂಗಡಿ ಹೋಟ್ಲು ಮುಚ್ಚಿರೋದೇ ಜಾಸ್ತಿ, ಊಟ ಕೆಟ್ರೆ ಕಾರಲ್ಲಿರೋ ಚಿಪ್ಸೇ ಗತಿ.

ಶೆಫ್ ಸಿಕ್ಕಾಗ ಬರೀ "ನೋ ಮೀಟ್" ಅನ್ಬೇಡಿ, "ನೋ ಮೀಟ್, ನೋ ಫಿಶ್, ನೋ ಚಿಕನ್ ಸ್ಟಾಕ್" ಅಂತ ಬಿಡಿಸಿ ಹೇಳಿ, ಸ್ಟಾಕ್ ಅಂದ್ರೆ ಮಾಂಸ ಮೂಳೆ ಕುದಿಸಿ ತೆಗೆದ ರಸ. ಕಣ್ಣಿಗೆ ಕಾಣೋ ಮಾಂಸ ಬಿಡೋದು ಸುಲಭ, ಕಾಣದೇ ಇರೋದೇ ಕಷ್ಟ. ಬಟರ್‌ನಟ್ ಸ್ಕ್ವಾಶ್ ಸೂಪ್ ನೋಡಕ್ಕೆ ಬರೀ ಕುಂಬಳಕಾಯಿ ಥರ ಇರತ್ತೆ, ಕುದಿಸಿರೋದು ಚಿಕನ್ ಸ್ಟಾಕಲ್ಲಿ, ರಿಸೊಟ್ಟೊ ಅನ್ನೋ ಇಟಲಿ ಅನ್ನದ ಕಥೆನೂ ಅಷ್ಟೇ. ಸ್ಟಫಿಂಗ್ ಅಂದ್ರೆ ಬ್ರೆಡ್ಡೇ, ಆದ್ರೆ ಟರ್ಕಿ ಹೊಟ್ಟೆ ಒಳಗೆ ತುಂಬಿ ಬೇಯಿಸಿರ್ತಾರೆ, ಹೊರಗಡೆ ಬೇರೆ ಪಾತ್ರೇಲಿ ಮಾಡಿದ್ರೂ ಸ್ಟಾಕ್ ಸುರಿದಿರ್ತಾರೆ. ಗ್ರೇವಿ ಟರ್ಕಿಯಿಂದ ಇಳಿದ ರಸದ್ದು, ಅದಕ್ಕೆ ಬದಲು ಮಶ್ರೂಮ್ ಗ್ರೇವಿ ಮಾಡ್ತೀರಾ ಅಂತ ಕೇಳಿದ್ರೆ ಖುಷಿಯಾಗೇ ಮಾಡೋರಿದಾರೆ. ಸಿಹಿಗೆಣಸಿನ ಮೇಲಿರೋ ಮಾರ್ಶ್‌ಮೆಲೋಲಿ ಪ್ರಾಣಿ ಮೂಳೆ ಚರ್ಮದಿಂದ ಮಾಡೋ ಜೆಲಟಿನ್, ಸೀಸರ್ ಸಲಾಡ್ ಡ್ರೆಸ್ಸಿಂಗಲ್ಲಿ ಆಂಚೊವಿ ಮೀನು, ಪೈ ಹಿಟ್ಟಲ್ಲಿ ಕೆಲವೊಂದ್ಸಲ ಲಾರ್ಡ್ ಅಂದ್ರೆ ಹಂದಿ ಕೊಬ್ಬು. ಕ್ರಿಸ್‌ಮಸ್‌ಗೆ ಹೋದ್ರೆ ಮಿನ್ಸ್ ಪೈ ಒಳಗೆ ಸೂಯೆಟ್ ಇದ್ಯಾ ಕೇಳಿ, ದನದ ಕೊಬ್ಬದು. ಪಾರ್ಮಿಜಾನೋ ರೆಜಿಯಾನೋ ಚೀಸಿಗೆ ಹಾಲು ಹೆಪ್ಪುಗಟ್ಟಿಸೋಕೆ ಕರುವಿನ ಹೊಟ್ಟೆಯ ರೆನೆಟ್ ಹಾಕಿರ್ತಾರೆ, ಅಷ್ಟು ದೂರ ನೋಡ್ತೀರೋ ಬಿಡ್ತೀರೋ ನಿಮಗೆ ಬಿಟ್ಟಿದ್ದು, ನಾನು ನೋಡಲ್ಲ, ನಮ್ಮಮ್ಮ ನೋಡ್ತಾರೆ.

ಮೊಟ್ಟೆ ತಿನ್ನಲ್ಲ ಅಂದ್ರೆ ಅದನ್ನ ಬೇರೆಯಾಗೇ ಹೇಳ್ಬೇಕು, ಅಮೆರಿಕದಲ್ಲಿ ವೆಜಿಟೇರಿಯನ್ ಅಂದ್ರೆ ಮೊಟ್ಟೆ ಸೇರಿಸೇ ಲೆಕ್ಕ, ಪಂಪ್‌ಕಿನ್ ಪೈಯಲ್ಲೂ ಇರತ್ತೆ. ಸುಲಭ ಆಗ್ಲಿ ಅಂತ ವೀಗನ್ ಅಂದುಬಿಟ್ರೆ ಬೆಣ್ಣೆ, ಕ್ರೀಮು, ಚೀಸು ಎಲ್ಲಾ ಹೋಗಿ ಕೊನೇಲಿ ಡೆಸರ್ಟ್ ಅಂತ ಹೆಚ್ಚಿದ ಹಣ್ಣು ತಂದಿಡ್ತಾರೆ, ನಮಗೆ ಆಗಿದೆ.

ಬಫೆ ಇದ್ರೆ ಸಾಲು ಶುರುವಾಗೋ ಹೊತ್ತಿಗೇ ಹೋಗಿ, ಅರ್ಧ ಗಂಟೆ ಆದ್ಮೇಲೆ ಗ್ರೇವಿ ಚಮಚ ಆಲೂಗಡ್ಡೇಲಿ ಇರತ್ತೆ. ನನ್ನ ಕೇಳಿದ್ರೆ ಟೇಬಲ್‌ಗೆ ತಂದು ಬಡಿಸೋ ಊಟವೇ ವಾಸಿ.

ರೂಮ್ ಬುಕ್ ಮಾಡೋವಾಗ ಮಾಡಿಫೈಡ್ ಅಮೆರಿಕನ್ ಪ್ಲಾನ್ ಅಂತಿದ್ರೆ ಬೆಳಗ್ಗೆ ತಿಂಡಿ, ರಾತ್ರಿ ಊಟ ಎರಡೂ ಬಾಡಿಗೇಲೇ ಸೇರಿರತ್ತೆ, ಆದ್ರೆ ಹಬ್ಬದೂಟಕ್ಕೆ ಮೇಲೆ ಬೇರೆ ಚಾರ್ಜ್ ಇದ್ಯಾ, ಕ್ಯಾನ್ಸಲ್ ಮಾಡಿದ್ರೆ ಎಷ್ಟು ಮುರ್ಕೋತಾರೆ ಕೇಳ್ಕೊಳಿ. ಇನ್ನೊಂದು, ಮಾರನೇ ಬೆಳಗಿನ ಪ್ಯಾನ್‌ಕೇಕು, ಸಾಸೇಜು ಬೇಯಿಸಿದ ಕಾವಲಿ ಮೇಲೇ ಆಗಿರೋ ಚಾನ್ಸ್ ಇದೆ, ಬೇರೆ ಬಾಣಲೇಲಿ ಮಾಡಿಕೊಡಿ ಅಂತ ಹಿಂದಿನ ರಾತ್ರಿ ಮಲಗೋಕೆ ಮುಂಚೆನೇ ಹೇಳಿಬಿಡಿ.