ಎಂಜಿನ್ ನಿಂತ ಮೇಲೂ ಎಚ್ಚರ ಬೇಕು: ಹುಲ್ಲು ಕತ್ತರಿಸುವ ಯಂತ್ರದ ಬಳಕೆ ಮತ್ತು ಆರೈಕೆ

ಹುಲ್ಲುಹಾಸಿನ ಯಂತ್ರಗಳಿಂದಾಗುವ ಅಪಾಯ ಎಂದೊಡನೆ ಗರಗರನೆ ತಿರುಗುವ ಬ್ಲೇಡು ಕಣ್ಣ ಮುಂದೆ ಬರುತ್ತದೆ. ಆದರೆ ಬ್ಲೇಡು ಜೋರಾಗಿ ತಿರುಗುತ್ತಿರುವಾಗ ಯಾರೂ ತಿಳಿದೂ ತಿಳಿದೂ ಅದರ ಬಳಿಗೆ ಕೈ ಒಯ್ಯುವುದಿಲ್ಲ. ಕೈ ಅಲ್ಲಿಗೆ ಹೋಗುವುದು ಹಸಿ ಹುಲ್ಲು ಸಿಕ್ಕಿಕೊಂಡು ಎಂಜಿನ್ ಕೆಮ್ಮಿ ನಿಂತಾಗ, ಬ್ಲೇಡನ್ನು ಬಿಚ್ಚಬೇಕಾದಾಗ ಅಥವಾ ಕೆಲಸ ಮುಗಿದ ಮೇಲೆ ತಳವನ್ನು ಕೆರೆದು ಶುಚಿ ಮಾಡುವಾಗ. ಎಂಜಿನ್ ನಿಂತಿದೆ ಎಂಬುದೂ ಯಂತ್ರ ನಿರಪಾಯವಾಗಿದೆ ಎಂಬುದೂ ಎರಡು ಬೇರೆ ಸಂಗತಿಗಳು ಎಂಬ ಅರಿವನ್ನು ಕೈಗೆ ಅಭ್ಯಾಸ ಮಾಡಿಸಿದರೆ ಈ ಲೇಖನದ ಮುಕ್ಕಾಲು ಪಾಲು ಕೆಲಸ ಆದಂತೆ.

ಒಂದು ಸಣ್ಣ ಲೆಕ್ಕ ನೋಡೋಣ. ನಡೆದುಕೊಂಡು ತಳ್ಳುವ ಮೋವರಿನಲ್ಲಿ 53 ಸೆಂಟಿಮೀಟರ್ ಉದ್ದದ ಬ್ಲೇಡು ನಿಮಿಷಕ್ಕೆ 3,000 ಸುತ್ತು ತಿರುಗುತ್ತಿದ್ದರೆ, ಅದರ ತುದಿ ಗಂಟೆಗೆ ಸುಮಾರು 300 ಕಿಲೋಮೀಟರ್ ವೇಗದಲ್ಲಿ ಚಲಿಸುತ್ತಿರುತ್ತದೆ. ಆ ತುದಿಗೆ ತಾಗಿದ ಗೋಲಿಗಾತ್ರದ ಕಲ್ಲು ಕಣ್ಣು ಮಿಟುಕಿಸುವುದರೊಳಗೆ ಎದುರಿಗಿದ್ದವರನ್ನು ತಲುಪುತ್ತದೆ. ಅಮೆರಿಕದಲ್ಲಿ 1982ರಿಂದ ಜಾರಿಯಲ್ಲಿರುವ ನಿಯಮದ ಪ್ರಕಾರ, ಮನೆಬಳಕೆಯ ಇಂಥ ಮೋವರುಗಳ ಹಿಡಿಕೆಯನ್ನು ಬಿಟ್ಟ 3 ಸೆಕೆಂಡಿನೊಳಗೆ ಬ್ಲೇಡು ನಿಲ್ಲಲೇಬೇಕು. ಮೂರು ಸೆಕೆಂಡು ಅಲ್ಪಕಾಲವೆನಿಸಿದರೂ ಅಷ್ಟರಲ್ಲಿ ಬ್ಲೇಡು ಹತ್ತಾರು ಸುತ್ತು ತಿರುಗಿರುತ್ತದೆ. ಹಿಡಿಕೆ ಬಿಟ್ಟರೆ ಎಂಜಿನ್ ನಿಲ್ಲಿಸುವ ಆ ಸರಳನ್ನು ತಂತಿ ಸುತ್ತಿ ಕಟ್ಟಿಹಾಕುವ ದುರಭ್ಯಾಸ ಕೆಲವರಿಗಿದೆ. ಜೀವ ಕಾಯುವುದಕ್ಕೆಂದೇ ಇಟ್ಟ ಭಾಗ ಅದು. ಅದನ್ನು ಕಟ್ಟಿಟ್ಟ ಯಂತ್ರವನ್ನು ಮುಟ್ಟಲೇಬಾರದು.

ಸ್ಟಾರ್ಟ್ ಮಾಡುವ ಮೊದಲು

ಮೊದಲು ಯಂತ್ರವಿಲ್ಲದೆ ಬರಿಗೈಯಲ್ಲಿ ಹುಲ್ಲುಹಾಸಿನ ಮೇಲೆ ಒಂದು ಸುತ್ತು ನಡೆದು ಬನ್ನಿ. ಕಲ್ಲು, ಕಡ್ಡಿ, ತಂತಿ, ಮೂಳೆ, ಆಟಿಕೆ ಏನೇ ಕಂಡರೂ ಹೆಕ್ಕಿ ತೆಗೆಯಿರಿ. ನೀರಿನ ಸ್ಪ್ರಿಂಕ್ಲರಿನ ತಲೆ, ಮರದ ಬೇರು, ಗುಂಡಿ ಮೊದಲಾದ ತೆಗೆಯಲಾಗದವುಗಳ ಪಕ್ಕ ಒಂದು ಕೋಲು ನೆಟ್ಟು ಗುರುತು ಮಾಡಿ. ಮಕ್ಕಳನ್ನೂ ಸಾಕುಪ್ರಾಣಿಗಳನ್ನೂ ಮನೆಯೊಳಗೆ ಕಳಿಸಿ. ನೈಲಾನ್ ದಾರದ ಟ್ರಿಮ್ಮರ್ ಅಥವಾ ಬ್ರಷ್ ಕಟ್ಟರ್ ಬಳಸುವುದಾದರೆ ಸುತ್ತಲೂ 15 ಮೀಟರ್‌ವರೆಗೆ ಯಾರೂ ಇರದಂತೆ ನೋಡಿಕೊಳ್ಳಿ.

ಉಡುಪಿನ ವಿಷಯದಲ್ಲಿ ರಾಜಿ ಬೇಡ. ಮುಂಭಾಗ ಮುಚ್ಚಿದ ಗಟ್ಟಿ ಬೂಟು, ಪಾದದವರೆಗಿನ ಪ್ಯಾಂಟು ಮತ್ತು ಕಣ್ಣಿಗೆ ಸುರಕ್ಷಾ ಕನ್ನಡಕ ಇರಲೇಬೇಕು. ಚಪ್ಪಲಿ ಹಾಕಿಕೊಂಡು, ಸೆರಗು ಅಥವಾ ದುಪಟ್ಟಾ ಇಳಿಬಿಟ್ಟುಕೊಂಡು ಮೋವರ್ ಹಿಡಿಯಬಾರದು. ಕಿವಿಯನ್ನು ಮಾತ್ರ ಬಹಳ ಮಂದಿ ಮರೆಯುತ್ತಾರೆ. 85 ಡೆಸಿಬೆಲ್ ಸದ್ದನ್ನು ದಿನಕ್ಕೆ 8 ಗಂಟೆಗಿಂತ ಹೆಚ್ಚು ಕೇಳಬಾರದು, ಅದಕ್ಕಿಂತ ಪ್ರತಿ 3 ಡೆಸಿಬೆಲ್ ಏರಿದಾಗಲೂ ಆ ಅವಧಿಯನ್ನು ಅರ್ಧಕ್ಕಿಳಿಸಬೇಕು ಎಂಬುದು ಶ್ರವಣರಕ್ಷಣೆಯಲ್ಲಿ ಬಳಕೆಯಲ್ಲಿರುವ ಲೆಕ್ಕ. ಅದರಂತೆ 91 ಡೆಸಿಬೆಲ್ ಸದ್ದು ಮಾಡುವ ಯಂತ್ರದ ಹಿಂದೆ ಬರಿಗಿವಿಯಲ್ಲಿ ಇರಬಹುದಾದದ್ದು ಕೇವಲ 2 ಗಂಟೆ. ಪೆಟ್ರೋಲ್ ಮೋವರುಗಳ ಸದ್ದು ಬಹುಪಾಲು ಈ ಆಸುಪಾಸಿನಲ್ಲೇ ಇರುತ್ತದೆ.

ಪೆಟ್ರೋಲನ್ನು ಎಂಜಿನ್ ತಣ್ಣಗಿರುವಾಗ, ಬಯಲಿನಲ್ಲಿ ತುಂಬಿಸಿ. ಪೆಟ್ರೋಲಿನ ಆವಿ ಗಾಳಿಗಿಂತ ಭಾರವಾದುದರಿಂದ ಅದು ಮೇಲೆ ಹಾರಿಹೋಗದೆ ನೆಲ ಹಿಡಿದು ಹರಿದು, ದೂರದ ಕಿಡಿಯನ್ನೂ ತಲುಪಬಲ್ಲದು. ಬಂಕಿನಲ್ಲಿ ಕ್ಯಾನಿಗೆ ತುಂಬಿಸುವಾಗ ಕ್ಯಾನನ್ನು ವಾಹನದೊಳಗೇ ಇಟ್ಟುಕೊಳ್ಳದೆ ನೆಲದ ಮೇಲಿಡಬೇಕು. ಪ್ಲಾಸ್ಟಿಕ್ ಅಥವಾ ಕಾರ್ಪೆಟ್ ಹಾಸಿನ ಮೇಲಿಟ್ಟ ಕ್ಯಾನಿನಲ್ಲಿ ಸ್ಥಾಯೀ ವಿದ್ಯುತ್ತು ಸಂಗ್ರಹವಾಗಿ ಕಿಡಿ ಹಾರುವ ಸಂಭವವಿದೆ. ಆಯಿಲ್ ಮಟ್ಟ ನೋಡಿ, ಬ್ಲೇಡಿನ ಬೋಲ್ಟು ಬಿಗಿಯಾಗಿದೆಯೇ, ಹುಲ್ಲು ಹೊರಬೀಳುವ ಬಾಯಿಯ ಮುಚ್ಚಳ ಸರಿಯಾಗಿ ಕೂತಿದೆಯೇ ಎಂದು ಪರೀಕ್ಷಿಸಿದ ಮೇಲೆಯೇ ಯಂತ್ರವನ್ನು ಸ್ಟಾರ್ಟ್ ಮಾಡಿ. ಮುಚ್ಚಿದ ಶೆಡ್ಡಿನೊಳಗೆ ಎಂಜಿನ್ ಓಡಿಸುವುದು ಸಲ್ಲದು, ಏಕೆಂದರೆ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ.

ಓಡಿಸುವಾಗ

ಮೋವರನ್ನು ಮುಂದಕ್ಕೆ ತಳ್ಳಬೇಕೇ ಹೊರತು ತನ್ನತ್ತ ಎಳೆದುಕೊಳ್ಳಬಾರದು. ಎಳೆಯುವಾಗ ಕಾಲು ಜಾರಿದರೆ ಪಾದ ನೇರವಾಗಿ ಬ್ಲೇಡಿನ ಅಡಿಗೆ ಹೋಗುತ್ತದೆ. ಇಳಿಜಾರಿನಲ್ಲಿ ತಳ್ಳುವ ಮೋವರನ್ನು ಅಡ್ಡಡ್ಡಲಾಗಿ ನಡೆಸಬೇಕು, ಆಗ ಜಾರಿದರೂ ಯಂತ್ರ ನಿಮ್ಮ ಮೇಲೆ ಬೀಳುವುದಿಲ್ಲ, ನೀವೂ ಅದರ ಕೆಳಗೆ ಸಿಲುಕುವುದಿಲ್ಲ. ಕೂತು ಓಡಿಸುವ ಮೋವರಿಗೆ ಸಾಮಾನ್ಯವಾಗಿ ಇದಕ್ಕೆ ವಿರುದ್ಧವಾದ ಕ್ರಮ: ಅಡ್ಡಲಾಗಿ ಹೋದರೆ ಮಗುಚುವ ಅಪಾಯವಿರುವುದರಿಂದ ಅದನ್ನು ಮೇಲಿಂದ ಕೆಳಕ್ಕೆ, ಕೆಳಗಿಂದ ಮೇಲಕ್ಕೆ ಓಡಿಸಬೇಕು, 15 ಡಿಗ್ರಿಗಿಂತ ಕಡಿದಾದ ಜಾಗಕ್ಕೆ ಅದನ್ನು ಒಯ್ಯಲೇಬಾರದು. ಯಂತ್ರಗಳ ರಚನೆಯಲ್ಲಿ ವ್ಯತ್ಯಾಸವಿರುವುದರಿಂದ ನಿಮ್ಮ ಯಂತ್ರದ ಕೈಪಿಡಿ ಬೇರೆ ಏನಾದರೂ ಹೇಳಿದ್ದರೆ ಅದನ್ನೇ ಅನುಸರಿಸಿ. ಮಗುಚಿದರೆ ಕಾಪಾಡುವ ಕಬ್ಬಿಣದ ಕಮಾನು ಇರುವ ಯಂತ್ರದಲ್ಲಿ ಅದನ್ನು ಎತ್ತಿ ನಿಲ್ಲಿಸಿ ಸೀಟ್ ಬೆಲ್ಟ್ ಕಟ್ಟಿಕೊಳ್ಳಿ. ಕಮಾನನ್ನು ಮಡಚಿಟ್ಟಿರುವಾಗ ಮಾತ್ರ ಬೆಲ್ಟ್ ಕಟ್ಟಬಾರದು, ಏಕೆಂದರೆ ಆಗ ಅದು ನಿಮ್ಮನ್ನು ಮಗುಚುವ ಯಂತ್ರಕ್ಕೇ ಕಟ್ಟಿಹಾಕಿದಂತಾಗುತ್ತದೆ.

ಮಕ್ಕಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಒಂದು ಸುತ್ತು ಹೊಡೆಸುವುದು ಪ್ರೀತಿಯ ಕೆಲಸವೆಂದು ಹಲವರಿಗೆ ಅನಿಸುತ್ತದೆ. ಹಾಗೆ ಕೂತು ರುಚಿ ಕಂಡ ಮಗು ಮರುದಿನ ಯಂತ್ರದ ಸದ್ದು ಕೇಳಿದೊಡನೆ ಓಡಿಬರುತ್ತದೆ, ಹಿಂದಕ್ಕೆ ಬರುತ್ತಿರುವ ಚಾಲಕನಿಗೆ ಅದು ಕಾಣುವುದೂ ಇಲ್ಲ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯ ಸಲಹೆಯಂತೆ ತಳ್ಳುವ ಮೋವರಿಗೆ ಕನಿಷ್ಠ 12 ವರ್ಷ, ಕೂತು ಓಡಿಸುವುದಕ್ಕೆ ಕನಿಷ್ಠ 16 ವರ್ಷ ಆಗಿರಬೇಕು.

ಹುಲ್ಲು ಸಿಕ್ಕಿಕೊಂಡಾಗ

ಈ ಹಂತವನ್ನು ನಿಧಾನವಾಗಿ ಓದಿ. ಮೊದಲು ಎಂಜಿನ್ ಆಫ್ ಮಾಡಿ. ಎಲ್ಲ ಚಲನೆ ನಿಂತಿತೆಂದು ಕಣ್ಣಿನಿಂದಲೂ ಕಿವಿಯಿಂದಲೂ ಖಚಿತಪಡಿಸಿಕೊಳ್ಳಿ. ನಂತರ ಎಂಜಿನ್ನಿಗೆ ಕಿಡಿ ಕೊಡುವ ಸ್ಪಾರ್ಕ್ ಪ್ಲಗ್ಗಿನ ವೈರನ್ನು ಕಿತ್ತು, ಮತ್ತೆ ತಾನಾಗಿ ಪ್ಲಗ್ಗಿಗೆ ತಾಗದಂತೆ ಬದಿಗೆ ಸರಿಸಿ. ಬ್ಲೇಡನ್ನು ಕೈಯಿಂದ ತಿರುಗಿಸಿದರೆ ಎಂಜಿನ್ನಿನ ಪಿಸ್ಟನ್ ಕೂಡ ಚಲಿಸುತ್ತದೆ. ವೈರು ಪ್ಲಗ್ಗಿನಲ್ಲೇ ಇದ್ದರೆ ಆ ಒಂದು ತಿರುವಿಗೇ ಎಂಜಿನ್ ಹೊತ್ತಿಕೊಳ್ಳಬಹುದು. ಬ್ಯಾಟರಿ ಯಂತ್ರವಾದರೆ ಕೀಲಿಯನ್ನೂ ಬ್ಯಾಟರಿಯನ್ನೂ ತೆಗೆದು ದೂರವಿಡಿ, ವೈರಿನ ಯಂತ್ರವಾದರೆ ಪ್ಲಗ್ ಎಳೆದು ಅದು ನಿಮ್ಮ ಕಣ್ಣಿಗೆ ಕಾಣುವಂತೆ ಇಟ್ಟುಕೊಳ್ಳಿ. ವೈರಿನ ಯಂತ್ರಕ್ಕೆ 30 ಮಿಲಿಆಂಪಿಯರ್ ಸೋರಿಕೆಗೇ ವಿದ್ಯುತ್ತನ್ನು ಕಡಿಯುವ ಬ್ರೇಕರ್ ಇರುವ ಸಂಪರ್ಕದಿಂದಷ್ಟೇ ಕರೆಂಟ್ ಕೊಡಬೇಕು.

ಇಷ್ಟಾದ ಮೇಲೂ ಸಿಕ್ಕಿದ ಹುಲ್ಲನ್ನು ಬೆರಳಿನಿಂದ ಎಳೆಯಬೇಡಿ, ಮರದ ಕೋಲು ಬಳಸಿ. ಹುಲ್ಲಿನ ಮುದ್ದೆ ಬ್ಲೇಡನ್ನೋ ಬೆಲ್ಟನ್ನೋ ಬಿಗಿಯಾಗಿ ಹಿಡಿದಿಟ್ಟಿದ್ದರೆ ಅದು ಬಿಟ್ಟುಕೊಂಡ ಕ್ಷಣ, ಎಂಜಿನ್ ಸತ್ತಿದ್ದರೂ, ಬ್ಲೇಡು ಸ್ಪ್ರಿಂಗಿನಂತೆ ಚಿಮ್ಮಿ ಅರ್ಧ ಸುತ್ತು ಹೊಡೆಯಬಲ್ಲದು. ಆ ಅರ್ಧ ಸುತ್ತೇ ಬೆರಳು ಕತ್ತರಿಸುವುದಕ್ಕೆ ಸಾಕು.

ಬ್ಲೇಡು ಬಿಚ್ಚುವುದು, ಸಾಣೆ ಹಿಡಿಯುವುದು

ಬ್ಲೇಡು ಮೊಂಡಾಗಿದೆಯೆಂದು ಹುಲ್ಲೇ ಹೇಳುತ್ತದೆ. ಕತ್ತರಿಸಿದ ಮರುದಿನ ಬಗ್ಗಿ ಒಂದು ಎಸಳನ್ನು ಕಿತ್ತು ನೋಡಿ: ಹರಿತವಾದ ಬ್ಲೇಡಿನ ಕೆಲಸವಾದರೆ ತುದಿ ಕತ್ತರಿಯಿಂದ ಕತ್ತರಿಸಿದಂತೆ ನೇರವಾಗಿರುತ್ತದೆ, ಮೊಂಡಾದುದರದ್ದಾದರೆ ತುದಿ ಸಿಗಿದು ನಾರುನಾರಾಗಿ ಬಿಳಿಚಿಕೊಂಡಿರುತ್ತದೆ, ಒಂದೆರಡು ದಿನದಲ್ಲಿ ಇಡೀ ಹುಲ್ಲುಹಾಸಿಗೆ ಕಂದು ಛಾಯೆ ಬರುತ್ತದೆ. ಸುಮಾರು 25 ಗಂಟೆಗಳ ಕೆಲಸಕ್ಕೊಮ್ಮೆ ಸಾಣೆ ಹಿಡಿಯುವುದು ಒಳ್ಳೆಯ ಪದ್ಧತಿ, ಮರಳು ಮಣ್ಣಿನ ಜಾಗದಲ್ಲಿ ಇನ್ನೂ ಬೇಗ ಬೇಕಾಗುತ್ತದೆ.

ಪ್ಲಗ್ ವೈರು ಕಿತ್ತ ಮೇಲೆ ಮೋವರನ್ನು ವಾಲಿಸಬೇಕು. ವಾಲಿಸುವಾಗ ಏರ್ ಫಿಲ್ಟರ್ ಮತ್ತು ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬೊರೇಟರ್ ಇರುವ ಬದಿ ಮೇಲಿರಬೇಕು. ನಾನು ಮೊದಮೊದಲು ಇದನ್ನರಿಯದೆ ಎದುರು ಬದಿಗೆ ವಾಲಿಸಿ, ಆಯಿಲೆಲ್ಲ ಫಿಲ್ಟರಿಗೆ ಇಳಿದು, ಸ್ಟಾರ್ಟ್ ಮಾಡಿದಾಗ ಅಂಗಳವೆಲ್ಲ ಬಿಳಿ ಹೊಗೆಯಾಗಿತ್ತು, ಫಿಲ್ಟರನ್ನು ಎಸೆಯಬೇಕಾಯಿತು. ಟ್ಯಾಂಕಿನಲ್ಲಿ ಪೆಟ್ರೋಲ್ ಬಹುಪಾಲು ಖಾಲಿಯಾಗಿರುವಾಗ ಈ ಕೆಲಸ ಇಟ್ಟುಕೊಂಡರೆ ಸೋರುವ ಭಯವಿರುವುದಿಲ್ಲ.

ದಪ್ಪ ಚರ್ಮದ ಕೈಗವಸು ಹಾಕಿಕೊಂಡು, ಬ್ಲೇಡು ಮತ್ತು ತಳದ ಗೋಡೆಯ ನಡುವೆ ಮರದ ತುಂಡೊಂದನ್ನು ಒತ್ತಿಟ್ಟು ಬ್ಲೇಡು ತಿರುಗದಂತೆ ಮಾಡಿ ಬೋಲ್ಟು ಬಿಚ್ಚಿ. ಬಿಚ್ಚುವ ಮೊದಲು ನೆಲದ ಕಡೆಗಿರುವ ಮುಖಕ್ಕೆ ಬಣ್ಣದ ಗುರುತು ಹಾಕಿದರೆ ಮರಳಿ ಜೋಡಿಸುವಾಗ ತಲೆಕೆಳಗಾಗುವುದಿಲ್ಲ. ಬ್ಲೇಡನ್ನು ವೈಸಿನಲ್ಲಿ ಕಚ್ಚಿಸಿ, ಕಾರ್ಖಾನೆಯಲ್ಲಿ ಕೊಟ್ಟಿರುವ ಓರೆಯನ್ನೇ ಹಿಡಿದು ಒಂದೇ ದಿಕ್ಕಿನಲ್ಲಿ ಅರದಿಂದ ಉಜ್ಜಿ; ಬಹಳಷ್ಟು ಬ್ಲೇಡುಗಳಲ್ಲಿ ಈ ಓರೆ ಸುಮಾರು 30 ಡಿಗ್ರಿ. ಒಂದು ತುದಿಗೆ ಇಪ್ಪತ್ತು ಸಲ ಉಜ್ಜಿದರೆ ಇನ್ನೊಂದಕ್ಕೂ ಇಪ್ಪತ್ತೇ ಸಲ. ಕ್ಷೌರದ ಅಲಗಿನಷ್ಟು ಚೂಪು ಮಾಡಲು ಹೋಗಬೇಡಿ, ಅಷ್ಟು ತೆಳುವಾದ ಅಂಚು ಮೊದಲ ಕಡ್ಡಿಗೇ ಮಡಚಿಕೊಳ್ಳುತ್ತದೆ. ಬೆಣ್ಣೆ ಸವರುವ ಚಾಕುವಿನಷ್ಟಿದ್ದರೆ ಸಾಕು. ಗ್ರೈಂಡರ್ ಬಳಸುವವರು ಅಂಚು ನೀಲಿಗಟ್ಟದಂತೆ ನೋಡಿಕೊಳ್ಳಬೇಕು. ನೀಲಿಯಾಯಿತೆಂದರೆ ಆ ಭಾಗದ ಉಕ್ಕಿನ ಹದ ಕೆಟ್ಟಿತು ಎಂದೇ ಅರ್ಥ.

ನಂತರದ ಪರೀಕ್ಷೆಯನ್ನು ತಪ್ಪಿಸಲೇಬಾರದು. ಗೋಡೆಗೆ ಮೊಳೆ ಹೊಡೆದು, ಬ್ಲೇಡಿನ ನಡುವಿನ ತೂತನ್ನು ಅದಕ್ಕೆ ಸಿಕ್ಕಿಸಿ ಅಡ್ಡಕ್ಕೆ ಹಿಡಿದು ಕೈ ಬಿಡಿ. ತಕ್ಕಡಿಯಂತೆ ನೆಟ್ಟಗೆ ನಿಂತರೆ ಸರಿ. ಒಂದು ತುದಿ ಮೆಲ್ಲನೆ ಇಳಿದರೆ ಆ ತುದಿಯೇ ಭಾರ. ಅದರ ಹಿಂಬದಿಯಿಂದ, ಕತ್ತರಿಸುವ ಅಂಚನ್ನು ಬಿಟ್ಟು, ಸ್ವಲ್ಪ ಸ್ವಲ್ಪವೇ ಲೋಹ ಉಜ್ಜಿ ತೆಗೆದು ಮತ್ತೆ ಸಿಕ್ಕಿಸಿ ನೋಡಿ. ಕೆಲವೇ ಗ್ರಾಂ ವ್ಯತ್ಯಾಸವಿದ್ದರೂ ನಿಮಿಷಕ್ಕೆ 3,000 ಸುತ್ತಿನಲ್ಲಿ ಅದು ಎಂಜಿನ್ನಿನ ದಂಡವನ್ನೂ ಬೇರಿಂಗನ್ನೂ ಅಲುಗಾಡಿಸಿ ಹಾಳುಮಾಡುತ್ತದೆ. ಬಿರುಕು ಬಿಟ್ಟ, ಬಾಗಿದ ಅಥವಾ ಹಿಂಬದಿಯ ರೆಕ್ಕೆ (ಮೇಲಕ್ಕೆ ಬಾಗಿಸಿದ ಅಂಚು) ಸವೆದು ತೆಳುವಾದ ಬ್ಲೇಡನ್ನು ಬೆಸುಗೆ ಹಾಕುವುದಾಗಲಿ, ಸುತ್ತಿಗೆಯಿಂದ ಬಡಿದು ನೆಟ್ಟಗೆ ಮಾಡುವುದಾಗಲಿ ಕೂಡದು, ಹೊಸದನ್ನೇ ತನ್ನಿ. ಜೋಡಿಸುವಾಗ ಈ ರೆಕ್ಕೆಗಳು ಮೇಲ್ಮುಖವಾಗಿರಲಿ, ಬೋಲ್ಟನ್ನು ಕೈಪಿಡಿ ಹೇಳಿದ ಬಿಗಿತಕ್ಕೆ, ಬಿಗಿತ ಅಳೆಯುವ ಟಾರ್ಕ್ ರೆಂಚಿನಿಂದ ಕಟ್ಟಿ.

ಸಿಲಿಂಡರ್ ಮೋವರುಗಳು

ಇಂಗ್ಲೆಂಡಿನ ಎಡ್ವಿನ್ ಬಡ್ಡಿಂಗ್ 1830ರಲ್ಲಿ ಪೇಟೆಂಟ್ ಪಡೆದ ಮೊದಲ ಹುಲ್ಲು ಕತ್ತರಿಸುವ ಯಂತ್ರ, ಗಿರಣಿಯಲ್ಲಿ ಉಣ್ಣೆಬಟ್ಟೆಯ ಮೇಲಿನ ಜುಂಗು ಕತ್ತರಿಸುವ ಸಾಧನವನ್ನು ನೋಡಿ ಹೊಳೆದದ್ದು. ತಿರುಗುವ ಸಿಲಿಂಡರಿನ ಸುರುಳಿ ಅಲಗುಗಳು ಕೆಳಗಿನ ಸ್ಥಿರ ಅಲಗಿಗೆ ಸವರಿಕೊಂಡು ಕತ್ತರಿಯಂತೆ ಕೆಲಸ ಮಾಡುವ ಆ ವಿಧಾನವೇ ಇಂದಿಗೂ ಗಾಲ್ಫ್ ಮೈದಾನದ 3 ಮಿಲಿಮೀಟರಿನಷ್ಟು ಕುಳ್ಳಗಿನ ಹುಲ್ಲಿಗೆ ಬಳಕೆಯಲ್ಲಿದೆ. ಅಲಗುಗಳು ಸರಿಯಾಗಿ ಕೂತಿವೆಯೇ ಎಂದು ತಿಳಿಯಲು ಒಂದು ಕಾಗದದ ಪಟ್ಟಿಯನ್ನು ನಡುವೆ ಇಟ್ಟು ಸಿಲಿಂಡರನ್ನು ತಿರುಗಿಸಿ ನೋಡುತ್ತಾರೆ. ಉದ್ದಕ್ಕೂ ಒಂದೇ ಸಮ ಕತ್ತರಿಸಿದರೆ ಹೊಂದಿಕೆ ಸರಿಯಿದೆ. ಈ ಪರೀಕ್ಷೆಯನ್ನು ಒಬ್ಬರೇ ಮಾಡಬೇಕು. ಒಬ್ಬರು ಕಾಗದ ಹಿಡಿದು ಇನ್ನೊಬ್ಬರು ಸಿಲಿಂಡರ್ ತಿರುಗಿಸಿದರೆ, ಒಂದು ಅಲಗನ್ನು ತಳ್ಳಿದಾಗ ಎಲ್ಲ ಅಲಗುಗಳೂ ಒಟ್ಟಿಗೆ ಚಲಿಸುವುದರಿಂದ, ಕಾಗದ ಹಿಡಿದವರ ಬೆರಳು ಅಪಾಯದಲ್ಲಿರುತ್ತದೆ.

ಹೈಡ್ರಾಲಿಕ್ ವ್ಯವಸ್ಥೆಯಿರುವ, ಅಂದರೆ ಆಯಿಲ್ ಒತ್ತಡದಿಂದ ಕೆಲಸ ಮಾಡುವ ದೊಡ್ಡ ಯಂತ್ರಗಳಲ್ಲಿ ಆಯಿಲ್ ಸೋರಿಕೆಯನ್ನು ಎಂದೂ ಕೈಯಿಂದ ಸವರಿ ಹುಡುಕಬೇಡಿ, ರಟ್ಟಿನ ತುಂಡು ಹಿಡಿದು ನೋಡಿ. ಸೂಜಿಮೊನೆಯಷ್ಟು ತೂತಿನಿಂದ ಅಧಿಕ ಒತ್ತಡದಲ್ಲಿ ಚಿಮ್ಮುವ ಆಯಿಲ್ ಚರ್ಮವನ್ನು ತೂರಿ ಒಳಗೆ ಹೋಗುತ್ತದೆ. ಹೊರಗೆ ಕಾಣುವುದು ಮುಳ್ಳು ಚುಚ್ಚಿದಂಥ ಗುರುತಷ್ಟೇ, ಮೊದಲಿಗೆ ನೋವೂ ಹೆಚ್ಚಿರುವುದಿಲ್ಲ. ಆದರೂ ಅದು ತಕ್ಷಣ ಶಸ್ತ್ರಚಿಕಿತ್ಸೆ ಬೇಕಾದ ಗಾಯ. ಆಸ್ಪತ್ರೆಯಲ್ಲಿ ಆಯಿಲ್ ಚರ್ಮದೊಳಗೆ ಹೊಕ್ಕಿದೆ ಎಂದು ಸ್ಪಷ್ಟವಾಗಿ ಹೇಳಿ.

ಎಂಜಿನ್ನಿನ ಆರೈಕೆ ಮತ್ತು ಎತ್ತಿಡುವುದು

ಇಲ್ಲಿ ಹೇಳುವುದು ಹೆಚ್ಚಿಲ್ಲ. ಹೊಸ ಎಂಜಿನ್ನಿನ ಆಯಿಲನ್ನು ಸಾಮಾನ್ಯವಾಗಿ ಮೊದಲ 5 ಗಂಟೆಯ ನಂತರ, ಆಮೇಲೆ 50 ಗಂಟೆಗೊಮ್ಮೆ ಬದಲಿಸಬೇಕು. ಏರ್ ಫಿಲ್ಟರನ್ನು 25 ಗಂಟೆಗೊಮ್ಮೆ, ಧೂಳಿನ ಜಾಗದಲ್ಲಿ ಇನ್ನೂ ಬೇಗ ಶುಚಿ ಮಾಡಬೇಕು. ಗ್ರೀಸ್ ನಿಪ್ಪಲನ್ನು (ಗ್ರೀಸ್ ತುಂಬುವ ಸಣ್ಣ ಬಾಯಿಯನ್ನು) ಒರೆಸಿದ ಮೇಲೆಯೇ ಗ್ರೀಸ್ ಹೊಡೆಯಿರಿ, ಇಲ್ಲವಾದರೆ ಮೇಲೆ ಕೂತ ಮಣ್ಣೇ ಬೇರಿಂಗಿನೊಳಗೆ ಹೋಗುತ್ತದೆ. ಯಂತ್ರದ ಅಡಿಗೆ ಹೋಗಬೇಕಾದಾಗ ಜ್ಯಾಕನ್ನು ಎತ್ತುವುದಕ್ಕೆ ಮಾತ್ರ ಬಳಸಿ, ಭಾರ ಹೊರುವುದಕ್ಕೆ ಗಟ್ಟಿಯಾದ ಸ್ಟ್ಯಾಂಡ್ ಇಡಿ.

ಒಂದು ತಿಂಗಳಿಗೂ ಹೆಚ್ಚು ಕಾಲ ಯಂತ್ರ ಮುಟ್ಟುವುದಿಲ್ಲವೆಂದಾದರೆ ಪೆಟ್ರೋಲ್ ಹಾಗೇ ಬಿಡಬಾರದು. ಅದು ಹಳತಾಗಿ ಕಾರ್ಬೊರೇಟರಿನ ಸಣ್ಣ ತೂತುಗಳಲ್ಲಿ ಅಂಟು ಕಟ್ಟುತ್ತದೆ. ಪೆಟ್ರೋಲ್ ಕೆಡದಂತೆ ಕಾಯುವ ದ್ರಾವಣವನ್ನು ಬೆರೆಸಿ ಎಂಜಿನನ್ನು ಕೆಲವು ನಿಮಿಷ ಬಯಲಿನಲ್ಲಿ ಓಡಿಸಿ, ಅಥವಾ ಟ್ಯಾಂಕ್ ಪೂರ್ತಿ ಖಾಲಿ ಮಾಡಿ. ತಳದಲ್ಲಿ ಅಂಟಿದ ಹಸಿ ಹುಲ್ಲನ್ನು ಪ್ಲಗ್ ವೈರು ಕಿತ್ತ ಮೇಲೆ ಮರದ ಪಟ್ಟಿಯಿಂದ ಕೆರೆದು, ಒಣಗಲು ಬಿಡಿ. ಎಂಜಿನ್ ಪೂರ್ತಿ ತಣ್ಣಗಾದ ಮೇಲೆ, ಒಲೆಯಾಗಲಿ ಗೀಸರಾಗಲಿ ಇಲ್ಲದ ಕೋಣೆಯಲ್ಲಿ ಯಂತ್ರವನ್ನು ಎತ್ತಿಡಿ. ಹಿಡಿಕೆಗೊಂದು ಪುಟ್ಟ ನೋಟ್‌ಬುಕ್ ಕಟ್ಟಿ, ಓಡಿಸಿದ ಗಂಟೆ, ಆಯಿಲ್ ಬದಲಿಸಿದ ದಿನ ಮತ್ತು ಸಾಣೆ ಹಿಡಿದ ದಿನವನ್ನು ಅದರಲ್ಲಿ ಬರೆದಿಡಿ. ಮುಂದಿನ ಸಲ ಆ ಪುಟ ನೋಡಿದ ಮೇಲೆ ಸ್ಟಾರ್ಟರಿನ ಹಗ್ಗಕ್ಕೆ ಕೈ ಹಾಕಿ.