ಎಲ್ಕ್ ಬೇಟೆಗೆ ಬಿಲ್ಲಿನ ಎಳೆತದ ತೂಕವನ್ನು ಆರಿಸಿಕೊಳ್ಳುವ ಬಗೆ

ಅಮೆರಿಕದ ಕೊಲೊರಾಡೊ ರಾಜ್ಯದಲ್ಲಿ ಸೆಪ್ಟೆಂಬರ್ ಎಂದರೆ ಬಿಲ್ಲುಬೇಟೆಯ ತಿಂಗಳು. ರಾಕಿ ಪರ್ವತಗಳ ಎತ್ತರದ ಕಾಡುಗಳಲ್ಲಿ ಎಲ್ಕ್ ಎಂಬ ದೊಡ್ಡ ಜಿಂಕೆಯ ಗಂಡುಗಳು ಬೆದೆಗೆ ಬಂದು ಕೂಗುವ ಈ ಕಾಲದಲ್ಲಿ ಬೇಟೆಗಾರನಿಗೆ ಪ್ರಾಣಿಯ ತೀರ ಹತ್ತಿರಕ್ಕೆ ಹೋಗುವ ಅವಕಾಶ ಸಿಗುತ್ತದೆ. ಅಲ್ಲಿ ನೆಲೆಸಿ ಈ ವಿದ್ಯೆಗೆ ಹೊಸದಾಗಿ ಕೈಹಾಕುವವರು ಅಂಗಡಿಯಲ್ಲಿ ಮೊದಲು ಕೇಳುವ ಪ್ರಶ್ನೆ, ‘ಎಷ್ಟು ಪೌಂಡಿನ ಬಿಲ್ಲು ಬೇಕು?’ ಎಂಬುದು. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಯನ್ನು ನಿಷೇಧಿಸಿರುವುದರಿಂದ ಇಲ್ಲಿ ಹೇಳುವುದೆಲ್ಲ ಪರವಾನಗಿಯೊಡನೆ ಬೇಟೆಯಾಡಲು ಅವಕಾಶವಿರುವ ನಾಡಿಗೆ ಮಾತ್ರ ಸಲ್ಲುತ್ತದೆ.

ನಮ್ಮ ನಾಗರಹೊಳೆಯ ದೊಡ್ಡ ಕಡವೆಯನ್ನು ಕಂಡವರಿಗೆ ಎಲ್ಕ್‌ನ ಗಾತ್ರ ಸುಲಭವಾಗಿ ಅಂದಾಜಿಗೆ ಸಿಗುತ್ತದೆ. ಬೆಳೆದ ಗಂಡು ಎಲ್ಕ್ ಸುಮಾರು 700 ಪೌಂಡ್, ಅಂದರೆ 315 ಕಿಲೋ ತೂಗುತ್ತದೆ. ಹೆಣ್ಣು ಸುಮಾರು 500 ಪೌಂಡ್. ದಪ್ಪ ಚರ್ಮ, ಅಗಲವಾದ ಪಕ್ಕೆಲುಬು, ಅದರ ಮುಂದೆ ಬಲವಾದ ಹೆಗಲ ಮೂಳೆ. ಬಾಣವು ಗುಂಡಿನಂತೆ ಆಘಾತದಿಂದ ಕೊಲ್ಲುವುದಿಲ್ಲ. ಹರಿತವಾದ ಅಲಗು ಶ್ವಾಸಕೋಶ ಅಥವಾ ಹೃದಯವನ್ನು ಕೊಯ್ದು ರಕ್ತಸ್ರಾವದಿಂದ ಕೊಲ್ಲುತ್ತದೆ. ಆದ್ದರಿಂದ ಎಳೆತದ ತೂಕದ ಕೆಲಸ ಒಂದೇ: ಆ ಅಲಗನ್ನು ಎರಡೂ ಶ್ವಾಸಕೋಶಗಳ ಮೂಲಕ ದಾಟಿಸುವಷ್ಟು ಬಲವನ್ನು ಬಾಣಕ್ಕೆ ಕೊಡುವುದು. ಅದಕ್ಕಿಂತ ಹೆಚ್ಚಿನ ಬಲಕ್ಕಾಗಿ ಗುರಿಯ ನಿಖರತೆಯನ್ನು ಬಲಿಕೊಟ್ಟರೆ, ಗಾಯಗೊಂಡು ಕಾಡಿನೊಳಗೆ ಓಡಿಹೋದ ಪ್ರಾಣಿ ದಿನಗಟ್ಟಲೆ ನರಳಬೇಕಾಗುತ್ತದೆ. ಬಿಲ್ಲನ್ನು ಆರಿಸುವಾಗ ಮನಸ್ಸಿನಲ್ಲಿ ಮೊದಲು ಇರಬೇಕಾದದ್ದು ಈ ಹೊಣೆ ಎಂದು ನಾನು ದೃಢವಾಗಿ ನಂಬಿದ್ದೇನೆ.

ಎಳೆತದ ತೂಕವೆಂದರೆ ಹೆದೆಯನ್ನು ಹಿಂದಕ್ಕೆ ಎಳೆಯುವಾಗ ಬೇಕಾಗುವ ಗರಿಷ್ಠ ಬಲ. ಅದನ್ನು ಪೌಂಡುಗಳಲ್ಲಿ ಹೇಳುತ್ತಾರೆ. ಇದರ ಲೆಕ್ಕ ಬಿಲ್ಲಿನ ಬಗೆಗೆ ತಕ್ಕಂತೆ ಬದಲಾಗುತ್ತದೆ. ತುದಿಗಳು ಹೊರಕ್ಕೆ ಬಾಗಿರುವ ರಿಕರ್ವ್ ಮತ್ತು ಉದ್ದನೆಯ ಸರಳವಾದ ಲಾಂಗ್‌ಬೋ ಬಿಲ್ಲುಗಳಲ್ಲಿ ಎಳೆದಷ್ಟೂ ಭಾರ ಏರುತ್ತಲೇ ಹೋಗುತ್ತದೆ, ಪೂರ್ತಿ ಎಳೆದಾಗ ಪೂರ್ತಿ ಭಾರವೂ ಬೆರಳುಗಳ ಮೇಲಿರುತ್ತದೆ. ಇವುಗಳ ಮೇಲೆ ಬರೆದಿರುವ ಅಂಕಿ 28 ಅಂಗುಲ ಎಳೆತಕ್ಕೆ ಸಂಬಂಧಿಸಿದ್ದು. ಒಂದು ಅಂಗುಲ ಹೆಚ್ಚು ಕಡಿಮೆಯಾದರೆ ಎರಡು ಮೂರು ಪೌಂಡ್ ವ್ಯತ್ಯಾಸವಾಗುತ್ತದೆ. ಕಾಂಪೌಂಡ್ ಬಿಲ್ಲಿನ ವಿಷಯ ಬೇರೆ. ಹೋಲೆಸ್ ವಿಲ್ಬರ್ ಆಲನ್ 1969ರಲ್ಲಿ ಪೇಟೆಂಟ್ ಪಡೆದ ಈ ಬಿಲ್ಲಿನ ತುದಿಗಳಲ್ಲಿರುವ ಚಕ್ರಗಳು ಎಳೆತದ ನಡುವೆ ಗರಿಷ್ಠ ಭಾರವನ್ನು ದಾಟಿಸಿ ಕೊನೆಯಲ್ಲಿ ಭಾರವನ್ನು ಇಳಿಸುತ್ತವೆ. 60 ಪೌಂಡಿನ ಬಿಲ್ಲಿನಲ್ಲಿ ಶೇಕಡಾ 80ರಷ್ಟು ಇಳಿತವಿದ್ದರೆ ಕೊನೆಗೆ ಕೈಯಲ್ಲಿ ಹಿಡಿದುಕೊಳ್ಳಬೇಕಾದದ್ದು 12 ಪೌಂಡ್ ಮಾತ್ರ. ಹಿಡಿಯುವುದು ಹಗುರವಾದ್ದರಿಂದ ಎಳೆಯುವುದೂ ಹಗುರವೆಂದು ಭಾವಿಸಿ ಹೊಸಬರು ಮೋಸಹೋಗುವುದು ಇಲ್ಲೇ. ಆ 60 ಪೌಂಡನ್ನು ಪ್ರತಿ ಸಲವೂ ಹೆಗಲು ದಾಟಲೇಬೇಕು.

ಕಾನೂನು ಹಾಕಿರುವ ಕೆಳಮಿತಿಯನ್ನು ಮೊದಲು ತಿಳಿದುಕೊಳ್ಳಿ. ಕೊಲೊರಾಡೊದಲ್ಲಿ ದೊಡ್ಡ ಪ್ರಾಣಿಗಳ ಬೇಟೆಗೆ ಕನಿಷ್ಠ 35 ಪೌಂಡ್ ಬೇಕು; ಬಾಣದ ತುದಿಯ ಅಲಗು ಕನಿಷ್ಠ ಒಂದು ಅಂಗುಲದ ಎಂಟನೇ ಏಳು ಭಾಗದಷ್ಟು ಅಗಲವಿದ್ದು, ಅದಕ್ಕೆ ಉಕ್ಕಿನ ಎರಡು ಬಾಯಿಗಳಾದರೂ ಇರಬೇಕು. ಅಲಾಸ್ಕಾದಲ್ಲಿ ಕ್ಯಾರಿಬೂ ಎಂಬ ಹಿಮನಾಡಿನ ಜಿಂಕೆ, ಕಪ್ಪು ಕರಡಿಗಳಿಗೆ 40 ಪೌಂಡ್, ಎಲ್ಕ್ ಮತ್ತು ಅದಕ್ಕಿಂತ ದೊಡ್ಡ ಜಿಂಕೆಯಾದ ಮೂಸ್‌ಗಳಿಗೆ 50 ಪೌಂಡ್. ಒಂದೇ ಪ್ರಾಣಿಗೆ ಎರಡು ರಾಜ್ಯಗಳಲ್ಲಿ ಎರಡು ಮಿತಿಗಳಿರುವುದನ್ನು ಗಮನಿಸಿದರೆ, ಇವು ಕಾನೂನಿನ ಗೆರೆಗಳೇ ಹೊರತು ಸಾಕಾಗುವ ತೂಕದ ಸಲಹೆಗಳಲ್ಲ ಎಂಬುದು ಸ್ಪಷ್ಟವಾಗುತ್ತದೆ. ನಿಯಮಗಳು ಬದಲಾಗುತ್ತಿರುವುದರಿಂದ ಆಯಾ ವರ್ಷದ ನಿಯಮ ಪುಸ್ತಿಕೆಯನ್ನು ನೋಡಿಯೇ ಹೊರಡಬೇಕು.

ಹಾಗಾದರೆ ಎಷ್ಟು ಸಾಕು? ಬಾಣದ ಚಲನಶಕ್ತಿಯನ್ನು ಅಡಿ-ಪೌಂಡುಗಳಲ್ಲಿ ಅಳೆಯುವುದು ರೂಢಿ. ಗ್ರೇನ್‌ಗಳಲ್ಲಿ (ಒಂದು ಗ್ರಾಮಿಗೆ ಸುಮಾರು 15 ಗ್ರೇನ್) ಹೇಳುವ ಬಾಣದ ತೂಕವನ್ನು, ಸೆಕೆಂಡಿಗೆ ಅಡಿಗಳಲ್ಲಿ ಹೇಳುವ ವೇಗದ ವರ್ಗದಿಂದ ಗುಣಿಸಿ, ಬಂದದ್ದನ್ನು 4,50,240ರಿಂದ ಭಾಗಿಸಿದರೆ ಈ ಅಂಕಿ ಸಿಗುತ್ತದೆ. ಬಾಣ ತಯಾರಿಸುವ ಈಸ್ಟನ್ ಕಂಪನಿಯ ಹೆಸರಿನಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಪಟ್ಟಿಯ ಪ್ರಕಾರ ಸಾಮಾನ್ಯ ಜಿಂಕೆಗೆ 25ರಿಂದ 41, ಎಲ್ಕ್‌ನಂಥ ಪ್ರಾಣಿಗೆ 42ರಿಂದ 65 ಅಡಿ-ಪೌಂಡ್ ಬೇಕು. ಐದು ಅಡಿ ಏಳು ಅಂಗುಲ ಎತ್ತರದ ಒಬ್ಬರನ್ನು ತೆಗೆದುಕೊಳ್ಳೋಣ. ಎರಡೂ ಕೈಗಳನ್ನು ಚಾಚಿದಾಗ ಬರುವ ಉದ್ದವನ್ನು 2.5ರಿಂದ ಭಾಗಿಸಿದರೆ ಎಳೆತದ ಉದ್ದ ಸಿಗುತ್ತದೆ. ಚಾಚು 67 ಅಂಗುಲವಿದ್ದರೆ ಎಳೆತ ಸುಮಾರು 27 ಅಂಗುಲ. ಇವರು 60 ಪೌಂಡಿನ ಇಂದಿನ ಕಾಂಪೌಂಡ್ ಬಿಲ್ಲಿನಿಂದ 450 ಗ್ರೇನ್ ಬಾಣವನ್ನು ಸೆಕೆಂಡಿಗೆ ಸುಮಾರು 250 ಅಡಿ ವೇಗದಲ್ಲಿ ಬಿಟ್ಟರೆ 62 ಅಡಿ-ಪೌಂಡ್ ಸಿಗುತ್ತದೆ. 50 ಪೌಂಡಿಗೆ ಇಳಿಸಿ 425 ಗ್ರೇನ್ ಬಾಣವನ್ನು 235 ಅಡಿ ವೇಗದಲ್ಲಿ ಬಿಟ್ಟರೂ 52 ಉಳಿಯುತ್ತದೆ. ಎರಡೂ ಎಲ್ಕ್‌ಗೆ ಸಾಕು. 70 ಪೌಂಡ್ ಇಲ್ಲದೆ ಎಲ್ಕ್ ಬೀಳದು ಎಂಬ ಅಂಗಡಿಯ ಮಾತಿಗೆ ಈ ಲೆಕ್ಕದಲ್ಲಿ ಯಾವ ಆಧಾರವೂ ಇಲ್ಲ.

ಬಿಲ್ಲಿನ ಜಾಹೀರಾತಿನಲ್ಲಿ ಕಾಣುವ ವೇಗವನ್ನು ಮಾತ್ರ ಈ ಲೆಕ್ಕಕ್ಕೆ ಹಾಕಬೇಡಿ. ಅದನ್ನು ಸಾಮಾನ್ಯವಾಗಿ 70 ಪೌಂಡ್ ತೂಕ, 30 ಅಂಗುಲ ಎಳೆತ ಮತ್ತು 350 ಗ್ರೇನ್‌ನ ಹಗುರ ಬಾಣದೊಂದಿಗೆ ಅಳೆದಿರುತ್ತಾರೆ. ಎಳೆತ ಒಂದು ಅಂಗುಲ ಕಡಿಮೆಯಾದರೆ ಸುಮಾರು 10 ಅಡಿ ವೇಗ ಕಡಿಮೆಯಾಗುತ್ತದೆ. ನಮ್ಮಲ್ಲಿ ಬಹುಮಂದಿಯ ಎಳೆತ 30 ಅಂಗುಲ ಮುಟ್ಟುವುದಿಲ್ಲವಾದ್ದರಿಂದ ಅಂಗಡಿಯಲ್ಲಿರುವ ವೇಗಮಾಪಕದ ಮುಂದೆ ನಿಂತು, ನಿಮ್ಮದೇ ಬಾಣವನ್ನು ಬಿಟ್ಟು, ನಿಜವಾದ ವೇಗವನ್ನು ಬರೆದಿಟ್ಟುಕೊಳ್ಳುವುದೇ ಸರಿಯಾದ ದಾರಿ.

ಶಕ್ತಿಯ ಅಂಕಿಯಷ್ಟೇ ಎಲ್ಲವೂ ಅಲ್ಲ. 400 ಗ್ರೇನ್ ಬಾಣ 270 ಅಡಿ ವೇಗದಲ್ಲಿ ಹೋದರೂ, 500 ಗ್ರೇನ್ ಬಾಣ 240 ಅಡಿ ವೇಗದಲ್ಲಿ ಹೋದರೂ ಶಕ್ತಿ ಹೆಚ್ಚುಕಡಿಮೆ 64 ಅಡಿ-ಪೌಂಡ್. ಆದರೆ ತೂಕವನ್ನು ವೇಗದಿಂದ ಗುಣಿಸಿದಾಗ ಸಿಗುವ ಸಂವೇಗ ಎರಡನೆಯದರಲ್ಲಿ ಶೇಕಡಾ 11ರಷ್ಟು ಹೆಚ್ಚು, ಪಕ್ಕೆಲುಬಿಗೆ ತಾಗಿದಾಗ ಒಳನುಗ್ಗುವುದೂ ಅದೇ. 50 ಪೌಂಡಿನ ರಿಕರ್ವ್ ಬಿಲ್ಲಿನಿಂದ 175 ಅಡಿ ವೇಗದಲ್ಲಿ ಹೊರಟ 500 ಗ್ರೇನ್ ಬಾಣದ ಶಕ್ತಿ 34 ಅಡಿ-ಪೌಂಡ್ ಮಾತ್ರ. ಪಟ್ಟಿಯ ಪ್ರಕಾರ ಎಲ್ಕ್‌ಗೆ ಸಾಲದು. ಆದರೂ ಅಂಥ ಬಿಲ್ಲುಗಳಿಂದ ಅನುಭವಿಗಳು ಎಲ್ಕ್‌ಗಳನ್ನು ಬೇಟೆಯಾಡುತ್ತಲೇ ಬಂದಿದ್ದಾರೆ, ಏಕೆಂದರೆ ಅವರು ಭಾರವಾದ ಬಾಣ ಬಳಸುತ್ತಾರೆ, ಎರಡು ಬಾಯಿಯ ಗಟ್ಟಿ ಅಲಗನ್ನು ಕ್ಷೌರದ ಬ್ಲೇಡಿನಷ್ಟು ಹರಿತಗೊಳಿಸುತ್ತಾರೆ, ಮತ್ತು 20 ಗಜದೊಳಗೆ ಪ್ರಾಣಿ ಅಡ್ಡನಿಲ್ಲುವವರೆಗೆ ಕಾಯುತ್ತಾರೆ. ಎಳೆತದ ತೂಕ ಕಡಿಮೆ ಇರುವವರು, ಅದರಲ್ಲೂ ಎಳೆತ ಗಿಡ್ಡವಾಗಿರುವ ಹೆಂಗಸರು ಮತ್ತು ಹದಿಹರೆಯದವರು, ತಾಗಿದ ಮೇಲೆ ಬಿಚ್ಚಿಕೊಳ್ಳುವ ಅಗಲ ಅಲಗುಗಳನ್ನು ಬಿಟ್ಟು ಸ್ಥಿರ ಅಲಗುಗಳನ್ನೇ ಬಳಸುವುದು ಒಳ್ಳೆಯದು. ಬಿಚ್ಚಿಕೊಳ್ಳಲು ಖರ್ಚಾಗುವ ಶಕ್ತಿ ಅವರ ಬಾಣಕ್ಕೆ ದುಬಾರಿಯಾಗುತ್ತದೆ.

ಇನ್ನು ನಿಮ್ಮ ದೇಹಕ್ಕೆ ಹೊಂದುವ ತೂಕವನ್ನು ಕಂಡುಕೊಳ್ಳುವ ಪರೀಕ್ಷೆ. ಒಂದು ಗಟ್ಟಿ ಕುರ್ಚಿಯಲ್ಲಿ ಕುಳಿತು ಎರಡೂ ಪಾದಗಳನ್ನು ನೆಲದಿಂದ ಮೇಲೆತ್ತಿ. ಬಿಲ್ಲಿಗೆ ಬಾಣ ಹೂಡಿ, ಗುರಿಯತ್ತ ನೇರವಾಗಿ ಹಿಡಿದು, ನಿಧಾನವಾಗಿ ಎಳೆಯಿರಿ. ಬಾಣವಿಲ್ಲದೆ ಹೆದೆಯನ್ನು ಬಿಟ್ಟರೆ ಬಿಲ್ಲೇ ಮುರಿದು ಗಾಯವಾಗಬಹುದಾದ್ದರಿಂದ ಪರೀಕ್ಷೆಗೂ ಬಾಣ ಇರಲೇಬೇಕು, ಮುಂದೆ ಸುರಕ್ಷಿತ ಗುರಿಯೂ ಇರಬೇಕು. ಎಳೆಯುವಾಗ ಬಿಲ್ಲು ಆಕಾಶದತ್ತ ಏಳುತ್ತದೆಯೇ, ಮುಂಡ ಹಿಂದಕ್ಕೆ ವಾಲುತ್ತದೆಯೇ, ಎಳೆಯುವ ಮೊಣಕೈ ಕೆಳಗೆ ಜಗ್ಗಿ ನಡುವೆ ತಡವರಿಸುತ್ತದೆಯೇ ಎಂದು ಪಕ್ಕದಲ್ಲಿ ಒಬ್ಬರನ್ನು ನಿಲ್ಲಿಸಿಕೊಂಡು ನೋಡಿಸಿ. ಇವುಗಳಲ್ಲಿ ಒಂದು ಕಂಡರೂ ತೂಕ ಹೆಚ್ಚಾಯಿತು ಎಂದೇ ಅರ್ಥ. ಪೂರ್ತಿ ಎಳೆದ ಮೇಲೆ ಕಾಂಪೌಂಡ್ ಬಿಲ್ಲನ್ನು ಅರ್ಧ ನಿಮಿಷ ಅಲುಗಾಡದೆ ಹಿಡಿದು, ಆಮೇಲೂ ನಿಖರವಾಗಿ ಬಾಣ ಬಿಡಲು ಸಾಧ್ಯವಾಗಬೇಕು.

ಇಷ್ಟು ಕಟ್ಟುನಿಟ್ಟು ಏಕೆಂದರೆ ಕಾಡಿನಲ್ಲಿ ಬಿಲ್ಲು ಎಳೆಯುವ ಗಳಿಗೆ ಅಭ್ಯಾಸದ ಮೈದಾನದಂತಿರುವುದಿಲ್ಲ. ಸಮುದ್ರಮಟ್ಟದಿಂದ 3,000 ಮೀಟರ್ ಎತ್ತರದಲ್ಲಿ ಸೆಪ್ಟೆಂಬರ್ ಬೆಳಗಿನ ಚಳಿ ನೀರು ಹೆಪ್ಪುಗಟ್ಟುವ ಮಟ್ಟಕ್ಕೆ ಇಳಿಯಬಹುದು. ಗಂಟೆಗಟ್ಟಲೆ ಕುಳಿತು ಮರಗಟ್ಟಿದ ಹೆಗಲಿನಿಂದ, ದಪ್ಪ ಕೋಟು ತೊಟ್ಟು, ಒಂದು ಮೊಣಕಾಲೂರಿ ಎಳೆಯಬೇಕಾಗುತ್ತದೆ. ಗಂಡು ಎಲ್ಕ್ ಪೈನ್ ಮರದ ಹಿಂದೆ ತಲೆ ಮರೆಯಾಗಿಸಿದ ಎರಡು ಮೂರು ಸೆಕೆಂಡುಗಳಲ್ಲಿ ಎಳೆದು ಮುಗಿಸಬೇಕು, ಜೊತೆಗಿರುವ ಹೆಣ್ಣುಗಳ ಕಣ್ಣಿಗೂ ಬೀಳಬಾರದು. ಅದು ಮರದಾಚೆ ನಿಂತೇಬಿಟ್ಟರೆ ಎಳೆದ ಹೆದೆಯನ್ನು ಒಂದು ನಿಮಿಷ ಹಿಡಿದುಕೊಂಡಿರಬೇಕಾಗಬಹುದು. ಬಿಸಿಲಿನಲ್ಲಿ ನಿಂತು ಕಷ್ಟಪಟ್ಟು ಎಳೆಯಬಲ್ಲ ತೂಕಕ್ಕಿಂತ ಐದರಿಂದ ಹತ್ತು ಪೌಂಡ್ ಕಡಿಮೆ ಇಟ್ಟುಕೊಳ್ಳಿ ಎಂದು ನಾನು ಹೇಳುವುದು ಇದಕ್ಕಾಗಿಯೇ.

ಹೊಸದಾಗಿ ಕೊಳ್ಳುವವರು 50ರಿಂದ 60 ಪೌಂಡಿನವರೆಗೆ ಹೊಂದಿಸಬಹುದಾದ ಕಾಂಪೌಂಡ್ ಬಿಲ್ಲನ್ನು ತೆಗೆದುಕೊಂಡು ಕೆಳಗಿನ ತುದಿಯಿಂದ ಆರಂಭಿಸುವುದು ಹೆಚ್ಚಿನವರಿಗೆ ಹೊಂದುತ್ತದೆ. ತೂಕ ಬದಲಿಸುವುದು ಬಿಲ್ಲಿನ ಎರಡು ತೋಳುಗಳ ಬುಡದಲ್ಲಿರುವ ಬೋಲ್ಟ್‌ಗಳಿಂದ. ಬಿಗಿಗೊಳಿಸಿದ ಪಕ್ಕದ ಸ್ಕ್ರೂಗಳಿದ್ದರೆ ಮೊದಲು ಅವನ್ನು ಸಡಿಲಿಸಿ, ಆರು ಮೂಲೆಯ ಆಲನ್ ಕೀ ಹಾಕಿ ಮೇಲಿನದನ್ನು ಎಷ್ಟು ತಿರುಗಿಸುತ್ತೀರೋ ಕೆಳಗಿನದನ್ನೂ ಅಷ್ಟೇ ತಿರುಗಿಸಬೇಕು. ಒಂದು ಪೂರ್ತಿ ಸುತ್ತಿಗೆ ಎರಡು ಮೂರು ಪೌಂಡ್ ಬದಲಾಗುವುದು ಸಾಮಾನ್ಯ. ಕೈಪಿಡಿಯಲ್ಲಿ ಹೇಳಿದ್ದಕ್ಕಿಂತ ಹೆಚ್ಚು ಸುತ್ತು ಸಡಿಲಿಸಿದರೆ ತೋಳು ಕಳಚಿ ಸಿಡಿಯಬಹುದು. ಈ ಒಂದು ವಿಷಯದಲ್ಲಿ ಅಂದಾಜಿಗೆ ಕೆಲಸ ಮಾಡಬಾರದು. ವಾರಗಳ ಅಭ್ಯಾಸದಿಂದ ಬೆನ್ನಿನ ಸ್ನಾಯುಗಳು ಬಲಗೊಂಡಂತೆ ಒಂದೊಂದೇ ಸುತ್ತು ಏರಿಸುತ್ತಾ ಹೋಗಿ. ಹೆಗಲಿನ ಒಳಗೆ ಚುಚ್ಚುವಂಥ ನೋವು ಬಂದರೆ ತಕ್ಷಣ ನಿಲ್ಲಿಸಿ ತೂಕ ಇಳಿಸಿ, ಏಕೆಂದರೆ ಹೆಗಲಿನ ಸ್ನಾಯುರಜ್ಜು ಒಮ್ಮೆ ಹರಿದರೆ ಆ ವರ್ಷದ ಬೇಟೆಯೇ ಕೈತಪ್ಪುತ್ತದೆ.

ತೂಕ ಬದಲಾದಾಗ ಬಾಣವನ್ನೂ ಮರುಪರಿಶೀಲಿಸಬೇಕು. ಬಾಣದ ಮೇಲಿರುವ 500, 400, 340 ಎಂಬ ಅಂಕಿಗಳು ಅದು ಎಷ್ಟು ಬಾಗುತ್ತದೆ ಎಂಬುದನ್ನು ತಿಳಿಸುತ್ತವೆ. ಅಂಕಿ ಕಡಿಮೆಯಾದಷ್ಟೂ ಬಾಣ ಹೆಚ್ಚು ಬಿಗಿ. 50 ಪೌಂಡಿಗೆ ಹೊಂದುತ್ತಿದ್ದ ಬಾಣ 60ಕ್ಕೆ ಏರಿಸಿದಾಗ ಬಳುಕಿ ದಾರಿ ತಪ್ಪಬಹುದು, ಹೀಗೆ ಓರೆಯಾಗಿ ತಾಗಿದ ಬಾಣ ಒಳಗೆ ಇಳಿಯುವುದೂ ಕಡಿಮೆ. ಎಳೆತದ ಪ್ರತಿ ಪೌಂಡಿಗೆ ಕನಿಷ್ಠ 5 ಗ್ರೇನ್ ಬಾಣದ ತೂಕ ಇರಲೇಬೇಕೆಂಬುದು ಬಿಲ್ಲಿನ ಸುರಕ್ಷತೆಯ ಮಿತಿ. ಎಲ್ಕ್‌ಗಾಗಿ 7ರಿಂದ 9 ಗ್ರೇನ್ ಇಟ್ಟುಕೊಳ್ಳುವುದು ನನ್ನ ಸಲಹೆ.

ಬೇಟೆಗೆ ಹೊರಡುವ ಒಂದು ತಿಂಗಳ ಮೊದಲು ತೂಕವನ್ನು ಅಂತಿಮಗೊಳಿಸಿ, ಬಿಲ್ಲಿನ ತಕ್ಕಡಿಯಲ್ಲಿ ಅಳೆಸಿ, ಬೋಲ್ಟ್‌ಗಳ ಸ್ಥಾನವನ್ನು ಗುರುತು ಮಾಡಿಟ್ಟುಕೊಳ್ಳಿ. ಹೊಸ ಹೆದೆ ಸ್ವಲ್ಪ ಹಿಗ್ಗುವುದರಿಂದ ತೂಕ ತಾನಾಗಿಯೇ ಬದಲಾಗಿರುವುದುಂಟು. ಆಮೇಲೆ ಅಭ್ಯಾಸದ ತುದಿಗಳನ್ನು ತೆಗೆದು, ಬೇಟೆಯ ಅಲಗು ಹಾಕಿದ ಬಾಣಗಳನ್ನೇ, ಬೇಟೆಯ ಕೋಟು ತೊಟ್ಟು, ದಿನದ ಮೊದಲ ಬಾಣವಾಗಿ ಬಿಟ್ಟು ನೋಡಿ. ಊಟದ ತಟ್ಟೆಯಷ್ಟು ಅಗಲದ ಗುರಿಗೆ ಆ ಮೊದಲ ಬಾಣ ತಪ್ಪದೆ ತಾಗುವ ದೂರವೇ ಆ ತೂಕದಲ್ಲಿ ನೀವು ಎಲ್ಕ್‌ಗೆ ಬಾಣ ಬಿಡಬಹುದಾದ ಗರಿಷ್ಠ ದೂರ.